ಪಕ್ಷ ಗದ್ದುಗೆ ಏರಿದ ಮೇಲೆ ಯೂನಿಯನ್ ಬಾಯಿಗೆ ಬೀಗ ಯಾಕೆ ಬೀಳುತ್ತದೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ನಿಮ್ಮ ಯೂನಿಯನ್‌ಗೆ ನಂಟಿರುವ ಪಕ್ಷವೇ ಈಗ ಸರ್ಕಾರ ನಡೆಸುತ್ತಿದೆ, ಮುಷ್ಕರದ ನೋಟಿಸ್ ಕೊಡೋಣ ಅಂದರೆ ಮುಖಂಡರು "ಈಗ ಬೇಡ, ನಮ್ಮದೇ ಸರ್ಕಾರ" ಅನ್ನುತ್ತಿದ್ದಾರೆ. ಆ ನಂಟು ಕಡಿದುಕೊಂಡು ಸ್ವತಂತ್ರ ಯೂನಿಯನ್ ಆಗುವುದು ಒಳ್ಳೆಯದಾ?

ನಾನು ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ಯೂನಿಯನ್ ಕಾರ್ಯದರ್ಶಿಯಾಗಿದ್ದವನು. "ನಮ್ಮದೇ ಸರ್ಕಾರ" ಅನ್ನುವ ಮಾತು ಕೇಳಿದರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ನಮ್ಮಲ್ಲೂ ಹೀಗೇ ಆಗಿತ್ತು. ಮುಷ್ಕರದ ಹಿಂದಿನ ರಾತ್ರಿ, ಸೆಕೆಂಡ್ ಶಿಫ್ಟ್ ಬಿಡುವ ಹೊತ್ತಿಗೆ ಗೇಟ್ ಮೀಟಿಂಗ್ ಇಟ್ಟುಕೊಂಡಿದ್ದೆವು. ಮೈಕ್ ನನ್ನ ಕೈಯಲ್ಲಿತ್ತು. ಪಕ್ಷದ ಕಡೆಯಿಂದ ಬಂದಿದ್ದ ನಮ್ಮ ಗೌರವಾಧ್ಯಕ್ಷರು ಪಕ್ಕಕ್ಕೆ ಕರೆದು ಫೋನ್ ಕೊಟ್ಟರು. ಆ ಕಡೆಯವರು "ಸ್ವಲ್ಪ ತಡೀರಿ" ಅಂದರು, ಅಷ್ಟೇ. ವಾಪಸ್ ಬಂದು "ಮುಷ್ಕರ ಮುಂದೂಡಿದ್ದೇವೆ" ಅಂತ ಘೋಷಿಸಿದೆ. ಮುಂದೆಯೇ ನಿಂತಿದ್ದ ಹಿರಿಯ ಫಿಟ್ಟರ್ ಒಬ್ಬರು ಬೈಯಲೂ ಇಲ್ಲ. ತೋಳಿಗೆ ಕಟ್ಟಿದ್ದ ಕಪ್ಪು ಪಟ್ಟಿ ಬಿಚ್ಚಿ, ಪಿನ್ ಸಮೇತ ನನ್ನ ಅಂಗೈಗೆ ಇಟ್ಟು ಬಸ್ ಹತ್ತಿದರು. ಆ ವರ್ಷ ಚಂದಾ ರಸೀದಿ ಪುಸ್ತಕಗಳಲ್ಲಿ ಅರ್ಧಕ್ಕರ್ಧ ಹಾಗೇ ಉಳಿದವು.

ಇದು ಒಂದು ಪಕ್ಷದ ಜಾಯಮಾನ ಅಂದುಕೊಳ್ಳಬೇಡಿ. 1947ರ ಮೇನಲ್ಲಿ ಹುಟ್ಟಿದ ಕಾರ್ಮಿಕ ಸಂಘಟನೆ ಇಂಟಕ್ ಕಾಂಗ್ರೆಸ್ಸಿನ ಮನೆಮಗ. ಆದರೂ 2013ರ ಫೆಬ್ರವರಿಯಲ್ಲಿ ಕಾಂಗ್ರೆಸ್ ನೇತೃತ್ವದ ಯುಪಿಎ ಸರ್ಕಾರದ ನೀತಿಗಳ ವಿರುದ್ಧ ನಡೆದ ಎರಡು ದಿನದ ಮುಷ್ಕರದಲ್ಲಿ ಎಡ ಸಂಘಟನೆಗಳ ಜೊತೆ ಬೀದಿಗಿಳಿಯಿತು. 2022ರ ಮಾರ್ಚ್‌ನ ಅಖಿಲ ಭಾರತ ಮುಷ್ಕರದ ಬೆನ್ನಿಗೇ ಕೇರಳದಲ್ಲಿ ಆದದ್ದು ಇದರ ಉಲ್ಟಾ. ಅಲ್ಲಿ ಆಗ ವಿರೋಧ ಪಕ್ಷದ ನಾಯಕರಾಗಿದ್ದ ಕಾಂಗ್ರೆಸ್ಸಿನ ವಿ.ಡಿ. ಸತೀಶನ್ "ಇಂಟಕ್ ಕಾಂಗ್ರೆಸ್ಸಿನ ಅಂಗಸಂಸ್ಥೆಯಲ್ಲ" ಅಂದುಬಿಟ್ಟರು, ಇಂಟಕ್ ಕಾರ್ಯಕರ್ತರು ಅವರ ವಿರುದ್ಧವೇ ಮೆರವಣಿಗೆ ತೆಗೆದರು. ಪಶ್ಚಿಮ ಬಂಗಾಳದಲ್ಲಿ ಎಡ ಕಾರ್ಮಿಕ ಸಂಘಟನೆ ಸಿಐಟಿಯು ಬೆನ್ನಿಗಿದ್ದ ಸಿಪಿಎಂ ಪಕ್ಷದ್ದೇ ಸರ್ಕಾರ ಇತ್ತು. ಆದರೆ ಆಗಿನ ಮುಖ್ಯಮಂತ್ರಿ ಬುದ್ಧದೇವ್ ಭಟ್ಟಾಚಾರ್ಯ 2008ರಲ್ಲಿ ಉದ್ಯಮಿಗಳ ಸಭೆಯಲ್ಲಿ ತಮಗೆ ಬಂದ್ ಸರಿಕಾಣುವುದಿಲ್ಲ ಅಂದರು. ಅವರ ಪಕ್ಷವೇ ಆ ಮಾತನ್ನು ಒಪ್ಪಲಿಲ್ಲ.

ಬಿಎಂಎಸ್, ಅಂದರೆ ಭಾರತೀಯ ಮಜ್ದೂರ್ ಸಂಘದ ಕತೆ ಇನ್ನೂ ಸ್ವಾರಸ್ಯ. ಅದು ಬಿಜೆಪಿಯ ಘಟಕವಲ್ಲ, ಸಂಘ ಪರಿವಾರದ್ದು ಅಂತ ಅವರೇ ಒತ್ತಿ ಹೇಳುತ್ತಾರೆ. ಕಾಗದದ ಮೇಲೆ ಅದು ನಿಜ ಕೂಡ. ಬಿಎಂಎಸ್ ಶುರುವಾದದ್ದು 1955ರಲ್ಲಿ, ಬಿಜೆಪಿ ಹುಟ್ಟಿದ್ದು 1980ರಲ್ಲಿ. ಸ್ಥಾಪಕ ದತ್ತೋಪಂತ್ ಠೇಂಗಡಿ 2001ರಲ್ಲಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ಜನ ಸೇರಿಸಿ ವಾಜಪೇಯಿ ಸರ್ಕಾರದ ಆರ್ಥಿಕ ನೀತಿಯನ್ನು ಮುಲಾಜಿಲ್ಲದೆ ಝಾಡಿಸಿದ್ದರು. ಅದೇ ಸಂಘಟನೆ 2015ರ ಸೆಪ್ಟೆಂಬರ್ 2ರ ಅಖಿಲ ಭಾರತ ಮುಷ್ಕರದಿಂದ ಕೆಲವೇ ದಿನ ಮುಂಚೆ ಹಿಂದೆ ಸರಿಯಿತು. ಸಚಿವರ ಸಮಿತಿ ಭರವಸೆ ಕೊಟ್ಟಿದೆ ಅನ್ನುವುದು ಅವರ ಸಮಜಾಯಿಷಿ. ಉಳಿದ ಹತ್ತು ಕೇಂದ್ರ ಸಂಘಟನೆಗಳು ಮುಷ್ಕರ ಮಾಡಿದವು. ಆಮೇಲೆ 2020ರ ಮೇನಲ್ಲಿ, ಬಿಜೆಪಿ ಆಡಳಿತದ ಉತ್ತರ ಪ್ರದೇಶ, ಮಧ್ಯಪ್ರದೇಶ, ಗುಜರಾತ್‌ಗಳು ಕಾರ್ಮಿಕ ಕಾನೂನುಗಳನ್ನು ಸಡಿಲಿಸಲು ಹೊರಟಾಗ ಇವರೇ ದೇಶದಾದ್ಯಂತ ಪ್ರತಿಭಟಿಸಿದರು. ಒಮ್ಮೆ ಗುಡುಗು, ಒಮ್ಮೆ ಗಪ್‌ಚಿಪ್.

ಪಕ್ಷ ವಿರೋಧದಲ್ಲಿ ಇರುವವರೆಗೆ ಯೂನಿಯನ್‌ಗೂ ಪಕ್ಷಕ್ಕೂ ಎದುರಾಳಿ ಒಬ್ಬನೇ. ಗೆದ್ದ ಮರುದಿನ ನಿಮ್ಮ ಬೇಡಿಕೆ ಪಟ್ಟಿ ಸ್ವೀಕರಿಸುವವನು ನಿಮ್ಮ ಪಕ್ಷದ ಮಂತ್ರಿ. ಇದನ್ನು ಕಾನೂನೇ ಒಂದು ಮಟ್ಟಿಗೆ ಗ್ರಹಿಸಿತ್ತು ನೋಡಿ: 1926ರ ಟ್ರೇಡ್ ಯೂನಿಯನ್ ಕಾಯ್ದೆಗೆ 2001ರಲ್ಲಿ ಮಾಡಿದ ತಿದ್ದುಪಡಿ, ಮಂತ್ರಿಯಾದವನು ಯೂನಿಯನ್ ಪದಾಧಿಕಾರಿ ಆಗಿರಬಾರದು ಅಂದಿತು. ಸಂಘಟಿತ ವಲಯದಲ್ಲಿ ಹೊರಗಿನ, ಅಂದರೆ ಅಲ್ಲಿ ಕೆಲಸ ಮಾಡದ, ಪದಾಧಿಕಾರಿಗಳು ಒಟ್ಟು ಪದಾಧಿಕಾರಿಗಳ ಮೂರನೇ ಒಂದು ಭಾಗ ಅಥವಾ ಐದು ಜನ, ಯಾವುದು ಕಡಿಮೆಯೋ ಅಷ್ಟೇ. ಆದರೆ ಫೋನ್ ಮಾಡುವವನಿಗೆ ಯಾವ ಮಿತಿ?

ಹಾಗಂತ ನಂಟು ಕಡಿಯಿರಿ ಅಂತ ನಾನು ಹೇಳಲಾರೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ, ಒಂದು ಕಡೆ ಹಲವು ಯೂನಿಯನ್‌ಗಳಿದ್ದರೆ 51 ಶೇಕಡ ಕಾರ್ಮಿಕರ ಬೆಂಬಲ ಇರುವ ಯೂನಿಯನ್ನೇ ಏಕೈಕ ಸಂಧಾನ ಯೂನಿಯನ್, ಅಂದರೆ ಮ್ಯಾನೇಜ್‌ಮೆಂಟ್ ಜೊತೆ ಮಾತುಕತೆಗೆ ಕೂರುವುದು ಅದೊಂದೇ. ಯಾರಿಗೂ ಅಷ್ಟಿಲ್ಲದಿದ್ದರೆ, ಕನಿಷ್ಠ 20 ಶೇಕಡ ಇರುವವರ ಪ್ರತಿನಿಧಿಗಳ ಮಂಡಳಿ. ನೀವು ಸಿಟ್ಟಿನಲ್ಲಿ ಎದ್ದು ಹೋಗಿ ಯೂನಿಯನ್ ಇಬ್ಭಾಗವಾದರೆ 51 ಯಾರಿಗೂ ದಕ್ಕದೇ ಹೋಗಬಹುದು. ಮ್ಯಾನೇಜ್‌ಮೆಂಟ್‌ಗೆ ಅದಕ್ಕಿಂತ ಹಬ್ಬ ಬೇರೆ ಇಲ್ಲ. ಜೊತೆಗೆ ಸ್ವತಂತ್ರ ಅನ್ನಿಸಿಕೊಂಡ ಎಷ್ಟೋ ಯೂನಿಯನ್‌ಗಳು ಎಚ್‌ಆರ್ ಕೋಣೆಯ ಚಹಾ ಕುಡಿದೇ ದೊಡ್ಡವಾದದ್ದನ್ನು ನಾನು ನೋಡಿದ್ದೇನೆ. ಡಿಸ್ಮಿಸ್ ಆದವನ ಕೇಸಿಗೆ ವಕೀಲರು, ಪಕ್ಕದ ಕಾರ್ಖಾನೆಗಳವರ ಬೆಂಬಲ, ಇಲಾಖೆಯಲ್ಲಿ ಫೈಲ್ ಅಲುಗಾಡಿಸುವವರು, ಇವೆಲ್ಲ ನಮಗೆ ಸಿಕ್ಕಿದ್ದು ಕೇಂದ್ರ ಸಂಘಟನೆಯಿಂದಲೇ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಲೆಕ್ಕಪತ್ರ ಕೇಳುತ್ತಿದ್ದೆ. ರಾಜಕೀಯ ಖರ್ಚಿಗೆ ಬೇರೆಯದೇ ನಿಧಿ ಇರಬೇಕು, ಅದಕ್ಕೆ ಹಣ ಕೊಡುವಂತೆ ಯಾವ ಸದಸ್ಯನನ್ನೂ ಬಲವಂತ ಮಾಡುವಂತಿಲ್ಲ. ಇದು 1926ರ ಕಾಯ್ದೆಯ ಕಾಲದಿಂದ ಇರುವ ನಿಯಮ, ಆದರೂ ಚುನಾವಣೆ ಬಂದಾಗ ಮಾಮೂಲಿ ಚಂದಾ ಹಣ ಎಲ್ಲಿಗೆ ಹರಿಯುತ್ತದೆ ಅಂತ ಕೇಳುವವರು ಕಡಿಮೆ. ಎರಡನೆಯದಾಗಿ ಬೈಲಾದಲ್ಲಿ, ಅಂದರೆ ಯೂನಿಯನ್ನಿನ ಸ್ವಂತ ನಿಯಮಾವಳಿಯಲ್ಲಿ, ಒಂದು ಸಾಲು ಸೇರಿಸಿ: ಮುಷ್ಕರಕ್ಕೆ ಹೋಗುವುದು ಮಾತ್ರವಲ್ಲ, ವಾಪಸ್ ಪಡೆಯುವುದೂ ಸದಸ್ಯರ ಗುಪ್ತ ಮತದಾನದಿಂದಲೇ ಆಗಬೇಕು. ನಮ್ಮಲ್ಲಿ ಹೋಗುವುದಕ್ಕೆ ಮತದಾನ ಇತ್ತು, ವಾಪಸ್ ಬರುವುದಕ್ಕೆ ಇರಲಿಲ್ಲ. ಅದಕ್ಕೇ ಒಂದು ಫೋನ್ ಸಾಕಾಯಿತು.

ಬೈಲಾ ತಿದ್ದುಪಡಿಗೆ ಎಷ್ಟು ದಿನ ಮುಂಚೆ ನೋಟಿಸ್ ಕೊಡಬೇಕು, ಎಷ್ಟು ಸದಸ್ಯರ ಸಹಿ ಬೇಕು ಅನ್ನುವುದನ್ನು ಮಾತ್ರ ಈಗಲೇ ನೋಡಿಟ್ಟುಕೊಳ್ಳಿ. ಜನರಲ್ ಬಾಡಿ ದಿನ ನಿಂತ ನಿಲುವಿನಲ್ಲಿ ಮಂಡಿಸಲು ಹೋದರೆ ತಾಂತ್ರಿಕ ಕಾರಣ ಹೇಳಿ ಕೂರಿಸುತ್ತಾರೆ.