‘ಒಳ್ಳೆ ಕಾಲೇಜು’ ಅಂದರೆ ನಮ್ಮ ಮನೆಯಲ್ಲಿ ನಾಲ್ಕು ಅರ್ಥ ಇತ್ತು

ನೀವು ಕೇಳಿದ್ದು ಇಷ್ಟು: ‘ಬೆಂಗಳೂರಿನಲ್ಲಿ ಈ ವರ್ಷ ಪಿಯುಸಿ ಮುಗಿಸಿದ್ದೇನೆ. ತಾತ ಸರ್ಕಾರಿ ಕಾಲೇಜು ಅಂತಾರೆ. ಅಪ್ಪ ಹೆಸರಿರೋ ಪ್ರೈವೇಟ್ ಕಾಲೇಜು ಅಂತಾರೆ. ನನಗೆ ಓದಬೇಕಾಗಿರೋ ವಿಷಯವೇ ಬೇರೆ. ತಲೆಮಾರಿಗೊಂದು ಯೋಚನೆ ಇದ್ದರೆ ಯಾರ ಮಾತು ಕೇಳೋದು?’

ಇದೇ ಜಗಳ ನಮ್ಮ ಮನೆಯಲ್ಲಿ 2024ರ ಜುಲೈನಲ್ಲಿ ನಡೆಯಿತು. ಮನೆ ಬೆಂಗಳೂರಿನ ವಿಜಯನಗರದಲ್ಲಿ. ಪಾತ್ರಧಾರಿಗಳು ನನ್ನ ಅಪ್ಪ, ನಾನು, ಮಗಳು. ನನ್ನ ಹೆಂಡತಿ ಕೊನೆಯ ಹೊತ್ತಿಗೆ ಬಾಯಿ ಬಿಟ್ಟಳು, ಅದನ್ನು ಆಮೇಲೆ ಹೇಳುತ್ತೇನೆ. ಸೋತವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕಂದರೆ ನಿಮ್ಮ ಮನೆಯಲ್ಲಿ ನನ್ನ ಜಾಗದಲ್ಲಿ ಇರುವವರು ನಿಮ್ಮ ಅಪ್ಪ.

ಅಪ್ಪನಿಂದ ಶುರು ಮಾಡುತ್ತೇನೆ. ಅವರು ತುಮಕೂರು ಕಡೆಯ ಹಳ್ಳಿಯಿಂದ ಅರವತ್ತರ ದಶಕದಲ್ಲಿ ಬೆಂಗಳೂರಿಗೆ ಬಂದವರು. ಜಾತಿಯವರು ನಡೆಸುತ್ತಿದ್ದ ಒಂದು ಉಚಿತ ಹಾಸ್ಟೆಲ್‌ನಲ್ಲಿ ಇದ್ದುಕೊಂಡು ಎಸ್‌.ಜೆ.ಪಿ. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿದರು. ಆಮೇಲೆ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ ಸೇರಿದರು, ಅಲ್ಲೇ ರಿಟೈರ್ ಆದರು. ಅವರ ಕಾಲದಲ್ಲಿ ಯಾರೂ ಯೂನಿವರ್ಸಿಟಿ ಆರಿಸುತ್ತಿರಲಿಲ್ಲ. ಸೆಂಟ್ರಲ್ ಕಾಲೇಜು 1858ರಿಂದ ಇತ್ತು, ಇಂಜಿನಿಯರಿಂಗ್‌ಗೆ ವಿಶ್ವೇಶ್ವರಯ್ಯನವರು 1917ರಲ್ಲಿ ಶುರು ಮಾಡಿಸಿದ ಕಾಲೇಜು ಕೆ.ಆರ್. ಸರ್ಕಲ್‌ನಲ್ಲಿ ಇತ್ತು. ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿದ್ದೇ 1964ರಲ್ಲಿ. ಅದಕ್ಕೂ ಮುಂಚೆ ಇಲ್ಲಿ ಓದಿದವರಿಗೂ ಡಿಗ್ರಿ ಕೊಡುತ್ತಿದ್ದುದು ಮೈಸೂರು ವಿಶ್ವವಿದ್ಯಾಲಯ. ಯೂನಿವರ್ಸಿಟಿ ಅಂದರೆ ಮಾರ್ಕ್ಸ್ ಕಾರ್ಡಿನ ಮೇಲಿರುವ ಮುದ್ರೆ, ಅಷ್ಟೇ. ಈಗಲೂ ನಮ್ಮ ಕಡೆ ಬಹಳ ಜನ ಹಾಗೇ ನೋಡುತ್ತಾರೆ. ‘ಯಾವ ಕಾಲೇಜಪ್ಪ?’ ಅಂತ ಕೇಳುತ್ತಾರೆಯೇ ಹೊರತು ‘ಯಾವ ಯೂನಿವರ್ಸಿಟಿ?’ ಅಂತ ಕೇಳುವುದಿಲ್ಲ. ಕ್ರೈಸ್ಟ್ ಕಾಲೇಜು ಡೀಮ್ಡ್, ಅಂದರೆ ತಾನೇ ಡಿಗ್ರಿ ಕೊಡುವ ಯೂನಿವರ್ಸಿಟಿ ಆದದ್ದು 2008ರಲ್ಲಿ, ಅಜೀಂ ಪ್ರೇಮ್‌ಜಿ ಬಂದದ್ದು 2010ರಲ್ಲಿ, ಪಿಇಎಸ್ ಯೂನಿವರ್ಸಿಟಿ ಆದದ್ದು 2013ರಲ್ಲಿ. ಸೇಂಟ್ ಜೋಸೆಫ್ಸ್ ಅಂತೂ 2022ರಲ್ಲಿ. ಅಂದರೆ ನೀವು ಕೇಳುತ್ತಿರುವ ಅರ್ಥದಲ್ಲಿ ‘ಯೂನಿವರ್ಸಿಟಿ ಆರಿಸುವುದು’ ಈ ಊರಿಗೇ ಹೊಸದು. ನಿಮ್ಮ ತಾತನಿಗೆ ಆ ಪ್ರಶ್ನೆ ಅರ್ಥವಾಗದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪನ ಬಾಯಲ್ಲಿ ಒಂದೇ ಮಾತು: ‘ಸರ್ಕಾರದ್ದು ಸಿಕ್ಕರೆ ಸಾಕು.’ ನಾನು ಬಹಳ ವರ್ಷ ಇದನ್ನು ಹೆದರಿಕೆ ಅಂದುಕೊಂಡಿದ್ದೆ. ಹಳ್ಳಿಯವರು, ಸರ್ಕಾರಿ ಕೆಲಸದ ಆಸೆ, ಹೀಗೆಲ್ಲ. ಆದರೆ ಆ ಜುಲೈನಲ್ಲಿ ಮಗಳು ಸುಮ್ನೆ ಕೇಳಿದಳು, ‘ಯಾಕೆ ತಾತ ಸರ್ಕಾರದ್ದೇ?’ ಅಂತ. ಅವರು ಹಾಸ್ಟೆಲ್‌ನ ಊಟದ ವಿಷಯ ಹೇಳಿದರು. ವರ್ಷಕ್ಕೊಂದು ಸಲ ದಾನಿಗಳು ಬರುತ್ತಿದ್ದರಂತೆ. ಹುಡುಗರೆಲ್ಲ ಸಾಲಾಗಿ ನಿಂತು ಕೈ ಮುಗಿಯಬೇಕಿತ್ತಂತೆ. ‘ಅನ್ನ ಹಾಕಿದವರು, ತಪ್ಪೇನಿಲ್ಲ ಮಗೂ. ಆದ್ರೆ ನನ್ನ ಮಕ್ಕಳು ಯಾರ ಹಂಗಲ್ಲೂ ಓದಬಾರದು ಅನ್ನಿಸ್ತು.’ ಸರ್ಕಾರದ ಸೀಟು ಅಂದರೆ ಅವರಿಗೆ ಹಂಗಿಲ್ಲದ ಸೀಟು. ನಲವತ್ತೆಂಟು ವರ್ಷ ಅವರ ಮಗನಾಗಿದ್ದರೂ ನನಗೆ ಇದು ಗೊತ್ತಿರಲಿಲ್ಲ.

ಈಗ ನನ್ನ ಸರದಿ. ನಾನು ಪಿಯುಸಿ ಮುಗಿಸಿದ್ದು 1994ರಲ್ಲಿ, ಸಿಇಟಿ ಅನ್ನುವ ರಾಜ್ಯದ ಪ್ರವೇಶ ಪರೀಕ್ಷೆ ಶುರುವಾದ ವರ್ಷ. ಅದಕ್ಕೆ ಹಿಂದಿನ ಹತ್ತು ವರ್ಷ ನಮ್ಮ ರಾಜ್ಯ ಕ್ಯಾಪಿಟೇಶನ್‌ಗೆ, ಅಂದರೆ ಸೀಟಿಗಾಗಿ ವಸೂಲಿ ಮಾಡುವ ಡೊನೇಶನ್‌ಗೆ, ದೇಶಕ್ಕೇ ಹೆಸರುವಾಸಿ. ಅದನ್ನು ತಡೆಯುವ ಕಾಯ್ದೆ 1984ರಲ್ಲೇ ಬಂದಿತ್ತು, ಆದರೂ ‘ಡೊನೇಶನ್ ಎಷ್ಟು?’ ಅನ್ನುವುದು ಮದುವೆ ಮನೆಯ ಮಾತಾಗಿತ್ತು. 1989ರ ಸರ್ಕಾರಿ ಆದೇಶದ ಪ್ರಕಾರ ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟಿಗೆ ಕರ್ನಾಟಕದವರಾದರೆ 25,000ದವರೆಗೆ, ಹೊರಗಿನವರಾದರೆ 60,000ದವರೆಗೆ. ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದದ್ದೇ ಮೋಹಿನಿ ಜೈನ್ ಕೇಸು, ತೀರ್ಪು 1992ರಲ್ಲಿ. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಬಂತು. ಅದರಿಂದ ಖಾಸಗಿ ಕಾಲೇಜುಗಳಲ್ಲೂ ಅರ್ಧ ಸರ್ಕಾರಿ ಫೀಸಿನ ‘ಫ್ರೀ ಸೀಟು’, ಅರ್ಧ ಹೆಚ್ಚು ಫೀಸಿನ ‘ಪೇಮೆಂಟ್ ಸೀಟು’ ಆಯಿತು. ನಮ್ಮ ಬ್ಯಾಚಿನವರಿಗೆ ಈ ಎರಡು ಪದ ಜಾತಿಯ ಹಾಗೆ ಅಂಟಿಕೊಂಡಿದ್ದವು. ಕ್ಲಾಸಿನಲ್ಲಿ ಯಾರು ಫ್ರೀ, ಯಾರು ಪೇಮೆಂಟ್ ಅಂತ ಎಲ್ಲರಿಗೂ ಗೊತ್ತು. ನನಗೆ ಒಂದು ಹೆಸರಿರುವ ಕಾಲೇಜಿನಲ್ಲಿ ಮೆಕ್ಯಾನಿಕಲ್ ಫ್ರೀ ಸೀಟು ಸಿಕ್ಕಿತು. ಅಪ್ಪ ಇಡೀ ಬೀದಿಗೆ ಮೈಸೂರು ಪಾಕ್ ಹಂಚಿದರು.

ಮೆಕ್ಯಾನಿಕಲ್ ನನಗೆ ಇಷ್ಟವಿತ್ತಾ? ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. 1998ರಲ್ಲಿ ಹೊರಗೆ ಬರುವಾಗ ಸಾಫ್ಟ್‌ವೇರ್ ಕಂಪನಿಗಳು ಸಿವಿಲ್, ಮೆಕ್ಯಾನಿಕಲ್, ಟೆಕ್ಸ್‌ಟೈಲ್ ಅಂತ ನೋಡದೆ ಎತ್ತಿಕೊಂಡು ಹೋಗುತ್ತಿದ್ದವು. ಅವರೇ ತರಬೇತಿ ಕೊಡುತ್ತಿದ್ದರು. ಅಲ್ಲಿಂದ ನನ್ನ ತಲೆಯಲ್ಲಿ ಒಂದು ಸೂತ್ರ ಕೂತಿತು: ಬ್ರಾಂಚ್ ಯಾವುದಾದರೂ ಆಗಲಿ, ಕಾಲೇಜಿಗೆ ಹೆಸರಿರಲಿ, ಕ್ಯಾಂಪಸ್‌ಗೆ ಕಂಪನಿ ಬರಲಿ. ಇದು ಸುಳ್ಳಲ್ಲ. ನನ್ನ ಮನೆ, ಕಾರು, ಅಪ್ಪನ ಕಣ್ಣಿನ ಆಪರೇಷನ್, ಎಲ್ಲ ಈ ಸೂತ್ರದಿಂದಲೇ ಬಂದದ್ದು. ನಿಮ್ಮ ಅಪ್ಪ ‘ಪ್ಲೇಸ್‌ಮೆಂಟ್ ನೋಡು, ಪ್ಲೇಸ್‌ಮೆಂಟ್ ನೋಡು’ ಅನ್ನುತ್ತಿದ್ದರೆ, ಅವರ ವಯಸ್ಸು ಐವತ್ತರ ಆಸುಪಾಸಿದ್ದರೆ, ಬಹುಶಃ ಇದೇ ಸೂತ್ರ. ಅವರ ಬದುಕಿನಲ್ಲಿ ಅದು ನಿಜವಾಗಿದೆ. ಅದಕ್ಕೇ ಅವರ ಜೊತೆ ವಾದ ಮಾಡುವುದು ಕಷ್ಟ.

ಮಗಳು ಪಿಯುಸಿಯಲ್ಲಿ ಓದಿದ್ದು ಪಿಸಿಎಂಎಸ್, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಸ್ಟ್ಯಾಟಿಸ್ಟಿಕ್ಸ್. ಅವಳಿಗೆ ಸ್ಟ್ಯಾಟಿಸ್ಟಿಕ್ಸ್ ಹುಚ್ಚು. ಸಿಇಟಿ ಬರೆದಳು, ಪರವಾಗಿಲ್ಲ ಅನ್ನುವಂಥ ರ್‍ಯಾಂಕ್ ಬಂತು. ರಾತ್ರಿ ಊಟ ಆದ ಮೇಲೆ ಆಪ್ಷನ್ ಎಂಟ್ರಿಗೆ, ಅಂದರೆ ಯಾವ ಕಾಲೇಜು, ಯಾವ ಬ್ರಾಂಚ್ ಮೊದಲು ಬೇಕು ಅಂತ ಪಟ್ಟಿ ಹಾಕಲು ಕೂತೆವು. ನಾನು ಬಿ.ಎಂ.ಎಸ್., ರಾಮಯ್ಯ, ಆರ್‌.ವಿ. ಎಲ್ಲ ಮೇಲೆ ಹಾಕಿದೆ, ಬ್ರಾಂಚ್ ಯಾವುದಾದರೂ ಸರಿ ಅಂತ. ಅಪ್ಪ ಯುವಿಸಿಇ, ಅದೇ ಕೆ.ಆರ್. ಸರ್ಕಲ್‌ನ ಕಾಲೇಜು, ಮೊದಲಿರಲಿ ಅಂದರು. ವಿಶ್ವೇಶ್ವರಯ್ಯನವರ ಹೆಸರು ಬಂದರೆ ಅವರು ಕೂತಲ್ಲೇ ನೆಟ್ಟಗಾಗುತ್ತಾರೆ. ಕಾಲೇಜಿಗೊಂದು ಪ್ಲೇಸ್‌ಮೆಂಟ್ ಪಟ್ಟಿ ಬೇರೆ ನಾನು ಪ್ರಿಂಟ್ ತೆಗೆಸಿಕೊಂಡು ಬಂದಿದ್ದೆ. ಮಗಳು ಒಂದು ಸಾಲೂ ಹಾಕಲಿಲ್ಲ. ಕೊನೆಗೆ, ‘ನನಗೆ ಇಂಜಿನಿಯರಿಂಗೇ ಬೇಡ, ಬಿಎಸ್ಸಿ ಮಾಡ್ತೀನಿ, ಸ್ಟ್ಯಾಟಿಸ್ಟಿಕ್ಸ್ ಮತ್ತು ಎಕನಾಮಿಕ್ಸ್’ ಅಂದಳು.

ನಾನು ಏನೇನು ಹೇಳಿದೆ ಅಂತ ಬರೆಯುವುದಿಲ್ಲ, ನಿಮ್ಮ ಮನೆಯಲ್ಲಿ ಅದು ನಿಮಗೆ ಉಚಿತವಾಗಿ ಸಿಗುತ್ತಿದೆ.

ಹಾಗಾದರೆ ಒಳ್ಳೆ ಪ್ರೈವೇಟ್ ಯೂನಿವರ್ಸಿಟಿಯಲ್ಲಾದರೂ ಮಾಡು ಅಂದೆ. ವರ್ಷಕ್ಕೆ ಲಕ್ಷಗಟ್ಟಲೆ ಫೀಸು, ಆದರೆ ಹೆಸರಿದೆ, ಇಂಗ್ಲಿಷ್ ವಾತಾವರಣ ಇದೆ, ಕಂಪನಿಗಳೂ ಬರುತ್ತವೆ. ಅವಳು ಬೇಡ ಅಂದಳು. ಯಾಕೆ ಅಂತ ಎರಡು ದಿನ ಹೇಳಲೇ ಇಲ್ಲ. ಮೂರನೆಯ ದಿನ ಹೇಳಿದಳು. ಅವಳು ಮೊದಲ ಪಿಯುಸಿಯಲ್ಲಿದ್ದಾಗ ನನ್ನ ಕಂಪನಿಯಲ್ಲಿ ಲೇಆಫ್ ಆಯಿತು. ಒಂದು ಮಂಗಳವಾರ ಬೆಳಗ್ಗೆ ಲ್ಯಾಪ್‌ಟಾಪ್ ಲಾಗಿನ್ ಆಗಲಿಲ್ಲ. ಇಪ್ಪತ್ತೈದು ವರ್ಷದ ಕೆಲಸ ಹಾಗೆ ಮುಗಿಯಿತು. ಐದು ತಿಂಗಳು ಮನೆಯಲ್ಲಿದ್ದೆ. ಆಮೇಲೆ ಸಂಬಳ ಕಡಿಮೆ ಇರುವ ಬೇರೆ ಕೆಲಸ ಸಿಕ್ಕಿತು. ಅವಳು ಆಗ ಏನೂ ಮಾತಾಡಿರಲಿಲ್ಲ. ನಾನು ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಹಳೆಯ ಸಹೋದ್ಯೋಗಿಗಳಿಗೆ ಬಗ್ಗಿ ಮಾತಾಡುತ್ತಿದ್ದುದನ್ನು ಮಾತ್ರ ಕೇಳಿಸಿಕೊಂಡಿದ್ದಳು. ‘ಕಂಪನಿ ಹೆಸರು ನಂಬ್ಕೊಂಡು ನಾನು ಓದಲ್ಲಪ್ಪ. ನಿನ್ನ ಉಳಿದಿರೋ ದುಡ್ಡೂ ನನಗೆ ಹಾಕ್ಬೇಡ’ ಅಂದಳು.

ಅಪ್ಪ ಅಲ್ಲೇ ಕೂತು ಪೇಪರ್ ಓದುತ್ತಿದ್ದರು. ಪೇಪರ್ ಕೆಳಗಿಟ್ಟರು. ನನಗೂ ಅದೇ ಹೊತ್ತಿಗೆ ಹೊಳೆಯಿತು. ತಾತನ ‘ಹಂಗು’, ಮೊಮ್ಮಗಳ ‘ನಿನ್ನ ದುಡ್ಡು ಹಾಕ್ಬೇಡ’, ಎರಡೂ ಒಂದೇ ಮಾತು. ಮಧ್ಯದಲ್ಲಿದ್ದ ನಾನೊಬ್ಬನೇ ಹೆಸರಿನ ಹಿಂದೆ ಬಿದ್ದವನು. ಅವರಿಬ್ಬರೂ ಒಂದೇ ಪಕ್ಷ, ಅವರಿಗೇ ಅದು ಗೊತ್ತಿರಲಿಲ್ಲ.

ಹೆಂಡತಿಯ ಮಾತು ಬಂದದ್ದು ಆಗ. ಅವಳು ಪಿಯುಸಿಯಲ್ಲಿ ನನಗಿಂತ ಜಾಸ್ತಿ ಮಾರ್ಕ್ಸ್ ತೆಗೆದವಳು. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕ್ಯಾಂಪಸ್‌ನಲ್ಲಿ ಬಿಎಸ್ಸಿ ಅಗ್ರಿ ಮಾಡಬೇಕು ಅಂತ ಆಸೆ ಇತ್ತು. ಮನೆ ಮಲ್ಲೇಶ್ವರದಲ್ಲಿ. ಬಳ್ಳಾರಿ ರಸ್ತೆಯಲ್ಲಿ ಅಷ್ಟು ದೂರ ಯಾಕಮ್ಮ, ಇಲ್ಲೇ ಹುಡುಗಿಯರ ಕಾಲೇಜಿದೆಯಲ್ಲ, ನಡೆದುಕೊಂಡು ಹೋಗಿ ಬಾ ಅಂದರಂತೆ ನಮ್ಮ ಮಾವ. ಬಿಕಾಂ ಮಾಡಿದಳು. ‘ನಂಗೆ ಪಟ್ಟಿ ಹಾಕು ಅಂತಾನೂ ಯಾರೂ ಹೇಳ್ಲಿಲ್ಲ’ ಅಂದಳು. ಅಷ್ಟೇ ಹೇಳಿ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಆ ಮೇಲೆ ನಾನು ವಾದ ಮುಂದುವರಿಸಲಿಲ್ಲ.

ಹುಡುಗಿಯರ ವಿಷಯದಲ್ಲಿ ದೂರ ಅನ್ನುವುದು ಎಷ್ಟು ದೊಡ್ಡ ಮಾತು ಅಂತ ಗಂಡಸರಿಗೆ ಗೊತ್ತಾಗುವುದಿಲ್ಲ. ‘ಒಳ್ಳೆ ಕಾಲೇಜು’ ಅಂದರೆ ಎಷ್ಟೋ ಅಮ್ಮಂದಿರಿಗೆ, ಕತ್ತಲಾಗುವ ಮುಂಚೆ ಮನೆ ಸೇರಬಹುದಾದ ಕಾಲೇಜು. ಇದು ಈಗ ಸ್ವಲ್ಪ ಸಡಿಲವಾಗಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ಸುಗಳಲ್ಲೂ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ವಿಜಯನಗರದಿಂದ ನೇರಳೆ ಮೆಟ್ರೊ ಹತ್ತಿದರೆ ಸೆಂಟ್ರಲ್ ಕಾಲೇಜು ಸ್ಟೇಷನ್‌ಗೆ ಒಂದೇ ಗಾಡಿ. ಮಗಳು ಮಾತ್ರ ಬಸ್ಸಿನಲ್ಲೇ ಹೋಗುತ್ತಾಳೆ. ‘ಫ್ರೀ ಇರೋವಾಗ ಯಾಕೆ ದುಡ್ಡು?’ ಅಂತಾಳೆ. ತಾತನ ಮೊಮ್ಮಗಳೇ ಸರಿ.

ಕೊನೆಗೆ ಅವಳು ಸೇರಿದ್ದು ಊರ ನಡುವಿನ ಒಂದು ಸರ್ಕಾರಿ ಡಿಗ್ರಿ ಕಾಲೇಜು. ಕಟ್ಟಡ ಹಳೆಯದು. ಕೆಲವು ಮೇಷ್ಟ್ರುಗಳು ಬಹಳ ಚೆನ್ನಾಗಿ ಪಾಠ ಮಾಡುತ್ತಾರಂತೆ, ಕೆಲವರು ಬರುವುದೇ ಅಪರೂಪವಂತೆ. ಲ್ಯಾಬಿನ ಕಂಪ್ಯೂಟರ್ ಬಗ್ಗೆ ದಿನಾ ಬೈಯುತ್ತಾಳೆ. ನನ್ನ ಸೂತ್ರ ತಪ್ಪು, ಅವಳದ್ದು ಸರಿ ಅಂತ ಹೇಳಲು ನನ್ನ ಹತ್ತಿರ ಇನ್ನೂ ಪುರಾವೆ ಇಲ್ಲ. ನಿಜ ಹೇಳಬೇಕಂದರೆ ಪ್ಲೇಸ್‌ಮೆಂಟ್ ಸೀಸನ್ ಬಂದಾಗ ನನಗೆ ಹೊಟ್ಟೆಯಲ್ಲಿ ಕಿವುಚಿದಂತೆ ಆಗುತ್ತದೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾರ ಮಾತು ಕೇಳೋದು ಅನ್ನುವುದಕ್ಕಿಂತ ಮುಂಚೆ, ಅವರು ಏನು ಹೇಳುತ್ತಿದ್ದಾರೆ ಅಂತ ಕೇಳಿ. ತಾತನ ಹತ್ತಿರ ‘ಸರ್ಕಾರಿ ಯಾಕೆ?’ ಅಂತ ಕೇಳಿ, ಟಿವಿ ಆಫ್ ಇರುವಾಗ. ಅಪ್ಪನ ಹತ್ತಿರ ‘ನೀವು ಓದಿದ್ದು ನಿಮಗೆ ಇಷ್ಟವಿತ್ತಾ?’ ಅಂತ ಕೇಳಿ. ಅಮ್ಮನ ಹತ್ತಿರ ‘ನಿನಗೆ ಏನು ಓದಬೇಕಿತ್ತು?’ ಅಂತ ತಪ್ಪದೇ ಕೇಳಿ. ನೀವೂ ನಿಮ್ಮನ್ನೇ ಕೇಳಿಕೊಳ್ಳಿ. ಆ ‘ಬೇರೆ ವಿಷಯ’ ನಿಮಗೆ ನಿಜವಾಗಿ ಇಷ್ಟವಾ, ಇಲ್ಲ ಗಣಿತದಿಂದ ತಪ್ಪಿಸಿಕೊಳ್ಳುವ ದಾರಿಯಾ? ನನ್ನ ಅಣ್ಣನ ಮಗ ಇದೇ ಗೊಂದಲದಲ್ಲಿ ಒಂದು ವರ್ಷ ಕಳೆದುಕೊಂಡ.

ಸಿಇಟಿ ಬರೆದಿದ್ದರೆ ಇನ್ನೊಂದು ಕೆಲಸ ಮಾಡಿ. ಮೂವರೂ ಬೇರೆ ಬೇರೆ ಹಾಳೆಯಲ್ಲಿ ಮೊದಲ ಹತ್ತು ಆಪ್ಷನ್ ಬರೆಯಿರಿ, ಒಬ್ಬರದ್ದು ಇನ್ನೊಬ್ಬರು ನೋಡದೆ. ಆಮೇಲೆ ಮೂರನ್ನೂ ಪಕ್ಕಪಕ್ಕ ಇಡಿ. ನಮ್ಮಲ್ಲಿ ಜಗಳ ಇದ್ದದ್ದು ಎಲ್ಲಿ ಅಂತ ಹಾಗೆ ಮಾಡಿದಾಗಲೇ ಕಂಡಿತು. ಅಪ್ಪನದ್ದು ‘ಸರ್ಕಾರಿ ಮೊದಲು’, ನನ್ನದು ‘ಕಾಲೇಜು ಮೊದಲು’, ಅವಳ ಹಾಳೆ ಖಾಲಿ. ಖಾಲಿ ಹಾಳೆಯೂ ಒಂದು ಉತ್ತರ ಅಲ್ವಾ?

ಪಟ್ಟಿಯ ಬಗ್ಗೆ ನೆಂಟರು ಹೇಳುವ ಒಂದು ಮಾತನ್ನು ನಂಬಬೇಡಿ: ‘ಸಿಗದಿರೋ ಕಾಲೇಜು ಮೇಲೆ ಹಾಕಿದರೆ ಸಿಗೋದೂ ತಪ್ಪಿಹೋಗುತ್ತೆ.’ ಹಾಗಾಗುವುದಿಲ್ಲ. ರ್‍ಯಾಂಕ್ ಪ್ರಕಾರ ನಿಮ್ಮ ಸರದಿ ಬಂದಾಗ, ನಿಮ್ಮ ಪಟ್ಟಿಯಲ್ಲಿ ಮೇಲಿನಿಂದ ನೋಡುತ್ತಾ ಬಂದು ಮೊದಲು ಖಾಲಿ ಇರುವ ಸೀಟು ಕೊಡುತ್ತಾರೆ. ಆದ್ದರಿಂದ ಆಸೆ ಇರುವುದನ್ನು ಧೈರ್ಯವಾಗಿ ಮೇಲೆ ಹಾಕಿ. ಸಿಕ್ಕರೂ ಸೇರುವುದಿಲ್ಲ ಅನ್ನುವುದನ್ನು, ತಾತನ ಸಮಾಧಾನಕ್ಕೂ, ಹಾಕಬೇಡಿ. ಸೀಟು ಸಿಕ್ಕ ಮೇಲೆ ಪಟ್ಟಿಯಲ್ಲಿ ಅದಕ್ಕಿಂತ ಕೆಳಗಿರುವವು ಮುಂದಿನ ಸುತ್ತಿನಲ್ಲಿ ನಿಮಗೆ ಬರುವುದಿಲ್ಲ. ಮೇಲಿನವು ಮಾತ್ರ ಉಳಿಯುತ್ತವೆ.

ಡಿಗ್ರಿ ಕಡೆ ಯೋಚನೆ ಇದ್ದರೆ ಅದರ ಅರ್ಜಿ ಬೇರೆ, ಸರ್ಕಾರಿ ವಿಶ್ವವಿದ್ಯಾಲಯಗಳ ಕಾಲೇಜುಗಳಿಗೆ ಯುಯುಸಿಎಂಎಸ್ ಅನ್ನುವ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ. ಸಿಇಟಿ ಸುತ್ತುಗಳು ಮುಗಿಯುವವರೆಗೆ ಕಾಯುತ್ತಾ ಕೂತರೆ ಅಲ್ಲಿ ಪಾಠವೇ ಶುರುವಾಗಿರುತ್ತದೆ. ಡಿಗ್ರಿ ಎಷ್ಟು ವರ್ಷ ಅಂತಲೂ ಮನೆಯಲ್ಲಿ ಗೊಂದಲ ಇರಬಹುದು. 2021ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿಯನ್ನು ರಾಜ್ಯ ಸರ್ಕಾರ 2024-25ರಿಂದ ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಖಾಸಗಿ ಮತ್ತು ಡೀಮ್ಡ್ ಯೂನಿವರ್ಸಿಟಿಗಳ ಲೆಕ್ಕ ಬೇರೆ, ಅಲ್ಲೇ ಕೇಳಿ.

ಇನ್ನೊಂದು. ಸಿಇಟಿ ನಡೆಸುವ ಕೆಇಎಯವರು ನಿಜವಾದ ಸೀಟು ಹಂಚಿಕೆಗೆ ಮುಂಚೆ ಅಣಕು ಫಲಿತಾಂಶ ಬಿಡುತ್ತಾರೆ. ಅದು ಬಂದ ಮೇಲೂ ಪಟ್ಟಿಯ ಕ್ರಮ ಬದಲಿಸಲು ಸಮಯ ಇರುತ್ತದೆ. ಇದನ್ನು ತಾತನಿಗೆ ಮೊದಲೇ ಹೇಳಿಟ್ಟಿರಿ. ನಾನೂ ಅಪ್ಪನೂ ಹಾಕಿದ್ದ ಪಟ್ಟಿಗೆ ಬಂದ ಆ ಅಣಕು ಫಲಿತಾಂಶದಲ್ಲಿ ಮೊಮ್ಮಗಳ ಹೆಸರಿನ ಮುಂದೆ ಯುವಿಸಿಇ ನೋಡಿ, ನಮ್ಮ ಅಪ್ಪ, ಯಾರಿಗೂ ಹೇಳದೆ ಮೈಸೂರು ಪಾಕ್ ತಂದುಬಿಟ್ಟಿದ್ದರು.