ಸಂಪಾದಕರ ಉತ್ತರ: ಶಾಲೆಗೆ ಬಂದ ದೇಣಿಗೆ ಯಾವ ಖರ್ಚಿಗೆ?

(ಪತ್ರದ ಸಾರ: 2021ರಲ್ಲಿ, ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ ಹೊತ್ತಿನಲ್ಲಿ, ಕೊಡಗಿನ ನಾಪೋಕ್ಲು ಕಡೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಬರೆದಿದ್ದಾರೆ. ಶಾಲೆಯಲ್ಲಿ ಎಂಬತ್ತರಷ್ಟು ಮಕ್ಕಳಿದ್ದು, ಅರ್ಧಕ್ಕಿಂತ ಹೆಚ್ಚು ಮಂದಿ ಕಾಫಿ ತೋಟಗಳ ಲೈನ್ ಮನೆಗಳವರು (ಕಾರ್ಮಿಕರಿಗಾಗಿ ಸಾಲಾಗಿ ಕಟ್ಟಿದ ಮನೆಗಳು). ಹಳೆಯ ವಿದ್ಯಾರ್ಥಿಗಳೂ ಬೆಳೆಗಾರರೂ ಸೇರಿ 1.80 ಲಕ್ಷ ರೂಪಾಯಿ ಕೂಡಿಸಿಕೊಟ್ಟಿದ್ದಾರೆ. ಅಷ್ಟನ್ನೂ ಟ್ಯಾಬ್‌ಗಳಿಗೆ ಹಾಕೋಣ ಎಂದು ಸಮಿತಿಯ ಕೆಲವರು ಹೇಳಿದರೆ, ಸ್ಯಾನಿಟೈಸರ್ ಯಂತ್ರ, ಜ್ವರ ನೋಡುವ ಥರ್ಮಲ್ ಗನ್, ಕೈತೊಳೆಯುವ ತೊಟ್ಟಿ ಮೊದಲು ಆಗಲಿ ಎಂದು ಉಳಿದವರು ಪಟ್ಟು ಹಿಡಿದಿದ್ದಾರೆ. ಅಮೆರಿಕದಲ್ಲಿರುವ ಅವರ ಭಾವ, ಅಲ್ಲಿನ ಶಾಲೆಗಳಿಗೆ ಸರ್ಕಾರವೇ ರಾಶಿ ಹಣ ಕೊಟ್ಟಿದೆ ಎಂದರಂತೆ. ಹಾಗಿರುವಾಗ ಇಲ್ಲಿ ನಾವೇಕೆ ಚಂದಾ ಎತ್ತಬೇಕು ಎಂಬುದು ಪತ್ರದ ಕೊನೆಯ ಪ್ರಶ್ನೆ.)

ಮಾನ್ಯರೇ,

2021ರ ಆಗಸ್ಟ್ 23ರಂದು ರಾಜ್ಯದ ಬಹುತೇಕ ಜಿಲ್ಲೆಗಳಲ್ಲಿ 9ನೇ ತರಗತಿಯಿಂದ ಮೇಲಿನ ಮಕ್ಕಳು ಶಾಲೆಗೆ ಮರಳಿದರು. ಕೋವಿಡ್ ಪರೀಕ್ಷೆಯಲ್ಲಿ ಸೋಂಕು ದೃಢಪಟ್ಟವರ ಪ್ರಮಾಣ ಶೇ 2ಕ್ಕಿಂತ ಹೆಚ್ಚಿದೆ ಎಂಬ ಕಾರಣಕ್ಕೆ ಹೊರಗುಳಿದ ಬೆರಳೆಣಿಕೆಯ ಜಿಲ್ಲೆಗಳಲ್ಲಿ ಕೊಡಗೂ ಒಂದಾಯಿತು. ಆದ್ದರಿಂದ ನಿಮ್ಮ ಸಮಿತಿಯ ಎರಡೂ ಬಣದವರ ಆತುರ ನನಗೆ ಅರ್ಥವಾಗುತ್ತದೆ: ಶಾಲೆ ತೆರೆಯುವುದು ತಡವಾದಷ್ಟೂ ಟ್ಯಾಬ್ ಬೇಕೆನಿಸುತ್ತದೆ, ತೆರೆಯುವ ದಿನ ಹತ್ತಿರವಾದಷ್ಟೂ ಸುರಕ್ಷತೆಯ ಚಿಂತೆ ಹೆಚ್ಚುತ್ತದೆ. ಆದರೆ ಟ್ಯಾಬ್ ಮೊದಲೋ ತೊಟ್ಟಿ ಮೊದಲೋ ಎಂದು ಕೇಳುವುದಕ್ಕಿಂತ, ಯಾವ ಖರ್ಚಿಗೆ ಬೇರೆ ಕಡೆಯಿಂದ ಹಣ ಬರುತ್ತದೆ, ಯಾವುದಕ್ಕೆ ಎಲ್ಲಿಂದಲೂ ಬರುವುದಿಲ್ಲ ಎಂದು ಕೇಳಿಕೊಂಡರೆ ನಿಮ್ಮ ಜಗಳದ ಮುಕ್ಕಾಲು ಪಾಲು ತಾನಾಗಿ ಇತ್ಯರ್ಥವಾಗುತ್ತದೆ. ಊರಿನವರು ಕೊಟ್ಟ ಹಣ ಎರಡನೆಯ ಬಗೆಯ ಖರ್ಚಿಗೆ ಮಾತ್ರ ಹೋಗಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮೊದಲು ನೀರು ಮತ್ತು ಶೌಚಾಲಯದ ಮಾತು. ಕೈತೊಳೆಯುವ ತೊಟ್ಟಿ, ನಲ್ಲಿಗಳ ಸಾಲು, ಶೌಚಾಲಯದ ದುರಸ್ತಿ ಇವುಗಳಿಗೆ ನಿಮ್ಮ ದೇಣಿಗೆಯಿಂದ ಒಂದು ರೂಪಾಯಿಯನ್ನೂ ತೆಗೆಯಬೇಡಿ. ಹದಿನೈದನೇ ಹಣಕಾಸು ಆಯೋಗ 2021–26ರ ಅವಧಿಗೆ ಮಾಡಿದ ಶಿಫಾರಸಿನಂತೆ ಗ್ರಾಮ ಪಂಚಾಯಿತಿಗೆ ಬರುವ ಅನುದಾನದಲ್ಲಿ ಶೇ 60 ಭಾಗ ನಿರ್ಬಂಧಿತ ಹಣ. ಅದರ ಅರ್ಧ ಕುಡಿಯುವ ನೀರಿಗೆ, ಇನ್ನರ್ಧ ನೈರ್ಮಲ್ಯಕ್ಕೆ ಎಂದೇ ಮೀಸಲು. ಬೇರೆ ಕೆಲಸಕ್ಕೆ ಅದನ್ನು ಬಳಸುವಂತಿಲ್ಲ. ಅಂದರೆ ಶಾಲೆಯ ನಲ್ಲಿಗೆ ಖರ್ಚು ಮಾಡಲು ಪಂಚಾಯಿತಿಯ ಬಳಿ ಹಣದ ಬಾಬ್ತು ಈಗಾಗಲೇ ಇದೆ; ಇಲ್ಲದಿರುವುದು ಕ್ರಿಯಾ ಯೋಜನೆಯಲ್ಲಿ ನಿಮ್ಮ ಶಾಲೆಯ ಹೆಸರು. ಅಕ್ಟೋಬರ್ 2ರಿಂದ ಮುಂದಿನ ವರ್ಷದ ಯೋಜನೆಗಾಗಿ ಗ್ರಾಮಸಭೆಗಳು ಆರಂಭವಾಗುತ್ತವೆ. ಅಲ್ಲಿಗೆ ಮುಖ್ಯ ಶಿಕ್ಷಕರು ಒಬ್ಬರೇ ಹೋಗಿ ಮನವಿ ಕೊಟ್ಟು ಬರುವ ಪದ್ಧತಿಯನ್ನು ಬಿಟ್ಟು, ಸಮಿತಿಯ ತಾಯಂದಿರನ್ನೂ ಕರೆದುಕೊಂಡು ಹೋಗಿ ಠರಾವಿನಲ್ಲಿ ಸೇರಿಸುವ ತನಕ ಕುಳಿತುಕೊಳ್ಳಿ. 2020ರ ಡಿಸೆಂಬರ್‌ನಲ್ಲಿ ಗೆದ್ದು ಬಂದ ಸದಸ್ಯರಿಗೆ ವಾರ್ಡಿನ ಶಾಲೆಯ ಕೆಲಸವನ್ನು ತಳ್ಳಿಹಾಕುವ ಧೈರ್ಯ ಅಷ್ಟು ಬೇಗ ಬರುವುದಿಲ್ಲ. ಶಾಲೆ, ಅಂಗನವಾಡಿಗಳಿಗೆ ನಲ್ಲಿ ನೀರು ಕೊಡುವ ಅಭಿಯಾನವನ್ನು ಕೇಂದ್ರದ ಜಲ ಜೀವನ್ ಮಿಷನ್ ಯೋಜನೆ 2020ರ ಅಕ್ಟೋಬರ್‌ನಲ್ಲಿಯೇ ಶುರುಮಾಡಿದೆ. ನಿಮ್ಮ ಶಾಲೆ ಆ ಪಟ್ಟಿಯಲ್ಲಿ ‘ಸಂಪರ್ಕ ಆಗಿದೆ’ ಎಂದು ದಾಖಲಾಗಿದ್ದೂ ನಲ್ಲಿ ಒಣಗಿದ್ದರೆ, ಅದನ್ನು ಲಿಖಿತವಾಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಗಮನಕ್ಕೆ ತನ್ನಿ.

ಶಾಲೆಗೆ ನೇರವಾಗಿ ಬರುವ ಇನ್ನೊಂದು ಹಣವೆಂದರೆ ಕೇಂದ್ರದ ‘ಸಮಗ್ರ ಶಿಕ್ಷಣ’ ಯೋಜನೆಯ ಶಾಲಾ ಅನುದಾನ. ಎಂಬತ್ತು ಮಕ್ಕಳ ಶಾಲೆಗೆ ವರ್ಷಕ್ಕೆ 25,000 ರೂಪಾಯಿ. ಅದರಲ್ಲಿ ಕನಿಷ್ಠ ಶೇ 10 ಭಾಗವನ್ನು ಸ್ವಚ್ಛತೆಗೆ ಬಳಸಬೇಕೆಂಬ ನಿಯಮವಿದೆ. ಸೋಪು, ಫಿನಾಯಿಲ್, ಬ್ಲೀಚಿಂಗ್ ಪುಡಿ, ಮಕ್ಕಳಿಗೆ ಬಟ್ಟೆಯ ಮಾಸ್ಕ್ ಇವು ಅದರಲ್ಲಿಯೇ ಆಗಬೇಕು. 2021ರಲ್ಲಿ ಸಂಸದರ ನಿಧಿಗೆ ಅರ್ಜಿ ಹಾಕಿ ಕಾದು ಫಲವಿರಲಿಲ್ಲ. 2020–21 ಮತ್ತು 2021–22 ಎರಡು ವರ್ಷಗಳಿಗೆ ಆ ನಿಧಿಯನ್ನೇ ತಡೆಹಿಡಿಯುವುದಾಗಿ ಕೇಂದ್ರವು 2020ರಲ್ಲಿ ಹೇಳಿತ್ತು. ಶಾಸಕರ ನಿಧಿ ಇದೆ, ಕೇಳಬಹುದು.

ಇನ್ನು ಸ್ಯಾನಿಟೈಸರ್ ಯಂತ್ರ, ಥರ್ಮಲ್ ಗನ್‌ಗಳ ವಿಚಾರದಲ್ಲಿ ನಿಮ್ಮ ಸಮಿತಿಯ ಎರಡನೆಯ ಬಣಕ್ಕೆ ಸ್ವಲ್ಪ ನಿರಾಶೆಯಾಗುವ ಮಾತು ಹೇಳಬೇಕಾಗಿದೆ. 2020ರಲ್ಲಿ ನಾವೆಲ್ಲರೂ ಮೇಜು, ಬಾಗಿಲು, ತರಕಾರಿಗಳನ್ನು ಒರೆಸಿದ್ದೇ ಒರೆಸಿದ್ದು. 2021ರ ಏಪ್ರಿಲ್–ಮೇ ಹೊತ್ತಿಗೆ ತಜ್ಞರ ಮಾತು ಬೇರೆ ಕಡೆಗೆ ಹೊರಳಿತು. ವಸ್ತುಗಳನ್ನು ಮುಟ್ಟುವುದರಿಂದ ಸೋಂಕು ಹರಡುವ ಸಾಧ್ಯತೆ ಬಹಳ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳಿತು. ಸೋಂಕಿನ ಸೂಕ್ಷ್ಮ ಹನಿಗಳು ಗಾಳಿಯಲ್ಲಿ ಹತ್ತು ಮೀಟರ್‌ವರೆಗೂ ಸಾಗಬಲ್ಲವು, ಆದ್ದರಿಂದ ಗಾಳಿಯಾಡುವಂತೆ ನೋಡಿಕೊಳ್ಳುವುದೇ ಮುಖ್ಯ ಎಂದು ನಮ್ಮ ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಮೇ ತಿಂಗಳಲ್ಲಿ ಸಲಹೆ ಹೊರಡಿಸಿತು. ಮನುಷ್ಯರ ಮೇಲೆ ರಾಸಾಯನಿಕ ಸಿಂಪಡಿಸುವ ಸುರಂಗಗಳು ಬೇಡವೆಂದು ಕೇಂದ್ರ ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲಿಯೇ ಹೇಳಿತ್ತು. ಥರ್ಮಲ್ ಗನ್ ಒಂದಿರಲಿ, ಅದು ಸುಲಭ ಬೆಲೆಗೆ ಸಿಗುತ್ತದೆ. ಜ್ವರವಿಲ್ಲದೆಯೂ ಸೋಂಕಿರುವ ಮಗುವನ್ನು ಅದು ಹಿಡಿಯಲಾರದು ಎಂಬುದು ತಿಳಿದಿರಲಿ.

ಗಾಳಿಯ ಮಾತು ಕೊಡಗಿನಲ್ಲಿ ಬೇರೆ ಊರುಗಳಿಗಿಂತ ಕಷ್ಟದ ಮಾತು. ನಮ್ಮ ಶಾಲಾ ಕೊಠಡಿಗಳನ್ನು ಕಟ್ಟಿರುವುದೇ ಗಾಳಿ ಮಳೆಯನ್ನು ಹೊರಗಿಡಲು. ಜೂನ್‌ನಿಂದ ಮುಚ್ಚಿದ ಮರದ ಕಿಟಕಿಗಳು ಆಗಸ್ಟ್ ಹೊತ್ತಿಗೆ ನೀರು ಕುಡಿದು ಉಬ್ಬಿ, ಚೌಕಟ್ಟಿಗೆ ಕಚ್ಚಿಕೊಂಡು, ಎರಡು ಕೈಯಿಂದ ದೂಡಿದರೂ ತೆರೆಯುವುದಿಲ್ಲ. ಒಂದೆರಡಕ್ಕೆ ಚಿಲಕವೇ ಕಿತ್ತುಹೋಗಿ ಬೈಹುಲ್ಲಿನ ಹಗ್ಗ ಕಟ್ಟಿರುತ್ತಾರೆ. ಒಬ್ಬ ಬಡಗಿಯನ್ನು ಕರೆಸಿ ಕದಗಳಿಗೆ ಕೀಸುಳಿ ಹಿಡಿಸಿ, ತಿರುಗಣೆ ಬದಲಿಸಿ, ಎರಚಲು ಒಳಗೆ ಬಾರದಂತೆ ಹೊರಗಡೆ ಒಂದೊಂದು ತಗಡಿನ ಮರೆ ಇಳಿಸಿಕೊಟ್ಟರೆ ಮಳೆಯಲ್ಲಿಯೂ ಕಿಟಕಿ ತೆರೆದಿಡಬಹುದು. ಹಿಂಬದಿಯ ಗೋಡೆಯ ಮೇಲ್ಭಾಗದಲ್ಲಿ ಒಂದು ಎಗ್ಸಾಸ್ಟ್ ಫ್ಯಾನ್ ಕೂರಿಸಿ. ನಿಮ್ಮ 1.80 ಲಕ್ಷದ ಮೊದಲ ಖರ್ಚು ಇದೇ ಆಗಲಿ. ಥರ್ಮಲ್ ಗನ್ ಹಸ್ತಾಂತರಿಸುವ ಫೋಟೊ ಪತ್ರಿಕೆಗಳಿಗೆ (ನಮ್ಮ ಕಚೇರಿಗೂ) ವಾರಕ್ಕೆ ಹತ್ತು ಬರುತ್ತವೆ. ಕೀಸುಳಿ ಹಿಡಿದ ಬಡಗಿಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡ ದಾನಿಯನ್ನು ನಾನಿನ್ನೂ ನೋಡಿಲ್ಲ.

ಈಗ ಟ್ಯಾಬ್‌ಗಳಿಗೆ ಬರೋಣ. ಇಲ್ಲಿ ಸರ್ಕಾರದ ಹಣದಲ್ಲಿ ನಿಜವಾಗಿಯೂ ಕಂದಕವಿದೆ. ಸಮಗ್ರ ಶಿಕ್ಷಣದಲ್ಲಿ ಕಂಪ್ಯೂಟರ್ ಮತ್ತು ಸ್ಮಾರ್ಟ್ ತರಗತಿಗಳಿಗೆ ನೆರವು ದೊರೆಯುವುದು 6ರಿಂದ 12ನೇ ತರಗತಿಯವರೆಗಿನ ಕಲಿಕೆಗೆ. ನಿಮ್ಮ ಐದನೇ ತರಗತಿಯವರೆಗಿನ ಮಕ್ಕಳು ಅದರ ಲೆಕ್ಕಕ್ಕೇ ಬರುವುದಿಲ್ಲ. ದೇಶದ ಶಾಲೆಗಳ ಪೈಕಿ 2019–20ರಲ್ಲಿ ಇಂಟರ್ನೆಟ್ ಇದ್ದದ್ದು ಶೇ 22ರಷ್ಟರಲ್ಲಿ ಎಂದು ಕೇಂದ್ರ ಶಿಕ್ಷಣ ಸಚಿವಾಲಯದ ವರದಿಯೇ ಹೇಳುತ್ತದೆ. ಮನೆಯ ಕಡೆ ನೋಡಿದರೆ, ಗ್ರಾಮೀಣ ಮಕ್ಕಳ ಶಿಕ್ಷಣದ ಸ್ಥಿತಿಯನ್ನು ನೋಡುವ ‘ಅಸರ್’ನ 2020ರ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಶಾಲಾ ಮಕ್ಕಳಲ್ಲಿ ಶೇ 61.8ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಈ ಅಂಕಿಯನ್ನು ಹಿಡಿದು ‘ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಆನ್‌ಲೈನ್ ಪಾಠ ತಲುಪುತ್ತಿದೆ’ ಎಂದುಕೊಂಡವರು ಲೈನ್ ಮನೆಯ ದಿನಚರಿಯನ್ನು ನೋಡಿದವರಲ್ಲ. ಫೋನು ಇರುತ್ತದೆ, ನಿಜ; ಅದು ಬೆಳಗ್ಗೆ ಎಂಟಕ್ಕೆ ಅಪ್ಪನ ಜೇಬಿನಲ್ಲಿ ತೋಟಕ್ಕೆ ಹೋಗಿ ಸಂಜೆ ಬ್ಯಾಟರಿ ಸತ್ತು ಮರಳುತ್ತದೆ, ಆಮೇಲೆ ಅದಕ್ಕೆ ಮೂವರು ಮಕ್ಕಳ ಸರದಿ.

ಹಾಗೆಂದು ಅಷ್ಟೂ ಹಣಕ್ಕೆ ಟ್ಯಾಬ್ ತಂದರೆ ಏನಾಗುತ್ತದೆ, ಲೆಕ್ಕ ಹಾಕಿ. ಒಂಬತ್ತು ಸಾವಿರದ ಲೆಕ್ಕದಲ್ಲಿ ಇಪ್ಪತ್ತು ಟ್ಯಾಬ್ ಬಂದವು, ಹಣ ಮುಗಿಯಿತು. 2021ರ ದರದಲ್ಲಿ 28 ದಿನಕ್ಕೊಮ್ಮೆ 199 ರೂಪಾಯಿಯ ರೀಚಾರ್ಜ್ ಎಂದರೆ ವರ್ಷಕ್ಕೆ ಹದಿಮೂರು ಬಾರಿ. ಒಂದಕ್ಕೆ 2,587, ಇಪ್ಪತ್ತಕ್ಕೆ 51,740 ರೂಪಾಯಿ. ಇದನ್ನು ಕೊಡುವವರು ಯಾರು? ಒಡೆದ ಪರದೆಗೆ ಯಾರು? ಯಂತ್ರ ಕೊಡಿಸಲು ದಾನಿಗಳು ಮುಂದೆ ಬರುತ್ತಾರೆ, ಪ್ರತಿ ತಿಂಗಳ ಖರ್ಚಿಗೆ ಯಾರೂ ಬರುವುದಿಲ್ಲ. ಅದರ ಮೇಲೆ, ಶನಿವಾರಸಂತೆ ಬಳಿಯ ಮುಳ್ಳೂರಿನ ಶಿಕ್ಷಕರೊಬ್ಬರು ಸಿಗ್ನಲ್‌ಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಪಾಠ ಮಾಡಿದ ಜಿಲ್ಲೆ ನಮ್ಮದು. ಗಾಳಿಮಳೆಗೆ ಮರ ಬಿದ್ದು ವಿದ್ಯುತ್ ತಂತಿ ತುಂಡಾದರೆ ವಿದ್ಯುತ್ ಕಂಪನಿ ಸೆಸ್ಕ್‌ನವರು ಬರುವ ತನಕ ಚಾರ್ಜ್ ಮಾಡುವುದಕ್ಕೂ ದಾರಿಯಿರುವುದಿಲ್ಲ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಏಳೆಂಟು ಟ್ಯಾಬ್ ಸಾಕು. ಅವು ಮಕ್ಕಳಿಗೆ ಕೊಟ್ಟುಬಿಡುವ ವಸ್ತುಗಳಾಗದೆ, ಗ್ರಂಥಾಲಯದ ಪುಸ್ತಕದಂತೆ ಶಾಲೆಯ ದಾಸ್ತಾನು ವಹಿಯಲ್ಲಿದ್ದು ಸರದಿಯಲ್ಲಿ ಲೈನ್ ಮನೆಗಳ ಕಡೆಗೆ ಹೋಗಿ ಬರಲಿ. ಚಂದನ ವಾಹಿನಿಯ ಪಾಠಗಳು 2020ರಲ್ಲಿ 8ರಿಂದ 10ನೇ ತರಗತಿಯವರಿಗೆಂದೇ ಆರಂಭವಾದವು, ನಿಮ್ಮ ಚಿಕ್ಕ ಮಕ್ಕಳಿಗೆ ಅವು ಹೆಚ್ಚು ಒದಗುವಂತಿರಲಿಲ್ಲ. ಸರ್ಕಾರದ ದೀಕ್ಷಾ ಜಾಲತಾಣದ ಪಾಠಗಳನ್ನು ಸಿಗ್ನಲ್ ಇರುವ ಕಡೆ ಇಳಿಸಿಕೊಂಡು, ಶಿಕ್ಷಕರು ತಾವೇ ಹೇಳಿದ ಕಥೆ, ಲೆಕ್ಕಗಳನ್ನು ಧ್ವನಿಮುದ್ರಿಸಿ, ಮೆಮೊರಿ ಕಾರ್ಡಿಗೆ ತುಂಬಿಡಿ. ಆಗ ಇಂಟರ್ನೆಟ್ ಬೇಕಾಗುವುದು ಶಾಲೆಯ ಒಂದೆರಡು ಸಿಮ್‌ಗಳಿಗೆ ಮಾತ್ರ. ಚಾರ್ಜಿಂಗ್‌ಗೆ ಒಂದು ಸಣ್ಣ ಇನ್ವರ್ಟರ್ ತೆಗೆದುಕೊಳ್ಳಿ. ಮುಖ್ಯವಾಗಿ, ಒಟ್ಟು ಹಣದ ಮೂರರಲ್ಲಿ ಒಂದು ಭಾಗವನ್ನು ಖರ್ಚು ಮಾಡದೆ ಎರಡು ವರ್ಷದ ರೀಚಾರ್ಜ್, ದುರಸ್ತಿಗೆಂದು ಮುಖ್ಯ ಶಿಕ್ಷಕರ ಮತ್ತು ನಿಮ್ಮ ಜಂಟಿ ಖಾತೆಯಲ್ಲಿ ಉಳಿಸಿ, ಹಾಗೆಂದು ಸಭೆಯ ನಡಾವಳಿಯಲ್ಲಿ ಬರೆದಿಡಿ.

ಟ್ಯಾಬ್ ಎಲ್ಲಿ ಕುಳಿತು ನೋಡುವುದು ಎಂಬುದೂ ಮುಖ್ಯ. ಹತ್ತಡಿ ಕೋಣೆಯಲ್ಲಿ ಆರು ಮಂದಿ ಇರುವ ಮನೆಗೆ ಅದನ್ನು ಕಳಿಸುವ ಬದಲು, ದೇಣಿಗೆ ಕೊಟ್ಟ ಬೆಳೆಗಾರರನ್ನೇ ಕೇಳಿ ಕಾಫಿ ಕಣವನ್ನೋ ಗೋದಾಮಿನ ಜಗಲಿಯನ್ನೋ ದಿನಕ್ಕೆ ಎರಡು ಗಂಟೆ ಬಿಡಿಸಿಕೊಳ್ಳಿ. ತೆರೆದ ಜಾಗ, ಎಂಟೋ ಹತ್ತೋ ಮಕ್ಕಳು, ಒಬ್ಬ ಶಿಕ್ಷಕರು. ಶಿಕ್ಷಕರು ಮಕ್ಕಳಿದ್ದ ಕಡೆಗೇ ಹೋಗಿ ಪಾಠ ಮಾಡಿದ ವಿದ್ಯಾಗಮ ಯೋಜನೆ 2020ರ ಅಕ್ಟೋಬರ್‌ನಲ್ಲಿ ನಿಂತದ್ದು ಮಕ್ಕಳಿಗೂ ಶಿಕ್ಷಕರಿಗೂ ಸೋಂಕು ತಗಲಿದ ದೂರುಗಳಿಂದ ಎಂಬುದು ನೆನಪಿದೆ. ಆದರೆ ಆಗ ಲಸಿಕೆ ಇರಲಿಲ್ಲ. ಶಿಕ್ಷಕರಿಗೆ ಎರಡೂ ಡೋಸ್ ಆಗಿರುವುದನ್ನು ಖಚಿತಪಡಿಸಿಕೊಂಡು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ಪಡೆದೇ ಮುಂದುವರಿಯಿರಿ. ಡಿಸೆಂಬರ್‌ನಲ್ಲಿ ಕೊಯ್ಲು ಶುರುವಾಯಿತೆಂದರೆ ಕಣವೂ ಸಿಗುವುದಿಲ್ಲ, ದೊಡ್ಡ ಮಕ್ಕಳು ತಂದೆತಾಯಿಯ ಜೊತೆ ಹಣ್ಣು ಕೊಯ್ಯಲು ಹೋಗುವುದೂ ಉಂಟು. ನಿಮಗಿರುವುದು ಮೂರು ತಿಂಗಳು.

ಕಂಪನಿಗಳ ಸಿಎಸ್‌ಆರ್ ಹಣವನ್ನು ಕೇಳಬಹುದೇ ಎಂದೂ ನೀವು ಒಂದು ಸಾಲಿನಲ್ಲಿ ಕೇಳಿದ್ದೀರಿ. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2 ಭಾಗವನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ಕಾನೂನಿದೆ; ಕೋವಿಡ್ ಕೆಲಸಗಳೂ ಅದಕ್ಕೆ ಸೇರುತ್ತವೆಂದು 2020ರ ಮಾರ್ಚ್‌ನಲ್ಲಿ ಸುತ್ತೋಲೆ ಬಂತು. ಕೊಡಗಿನ ತೋಟಗಳಲ್ಲಿ ಬಹುಪಾಲು ಕುಟುಂಬದ ಹಿಡುವಳಿಗಳು, ಅವಕ್ಕೆ ಈ ನಿಯಮ ತಗಲುವುದಿಲ್ಲ. ದೊಡ್ಡ ಕಂಪನಿಗಳು ಎಂಬತ್ತು ಮಕ್ಕಳ ಒಂದು ಶಾಲೆಯ ಪತ್ರಕ್ಕೆ ಉತ್ತರ ಕೊಡುವುದು ಅಪರೂಪ. ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಊರುಗಳ, ಎಲ್ಲ ಶಾಲೆಗಳು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ (ಸಿಆರ್‌ಪಿ) ಮೂಲಕ ಒಂದೇ ಪ್ರಸ್ತಾವ ಕಳಿಸಿದರೆ ಮಾತು ಬೇರೆ.

ಕೊನೆಯದಾಗಿ ನಿಮ್ಮ ಭಾವನವರ ಮಾತು. ಅವರು ಹೇಳಿದ್ದು ಸರಿ. 2020ರ ಮಾರ್ಚ್‌ನಿಂದ 2021ರ ಮಾರ್ಚ್‌ವರೆಗೆ ಮೂರು ಕಾನೂನುಗಳ ಮೂಲಕ ಅಮೆರಿಕದ ಕೇಂದ್ರ ಸರ್ಕಾರ ಅಲ್ಲಿನ ಶಾಲೆಗಳಿಗೆ ಸುಮಾರು 190 ಬಿಲಿಯನ್ ಡಾಲರ್ ಕೊಟ್ಟಿದೆ. ಗಾಳಿಯ ವ್ಯವಸ್ಥೆಗೂ ಕಂಪ್ಯೂಟರಿಗೂ ಅದನ್ನು ಬಳಸಬಹುದಾಗಿತ್ತು. ಆ ಮೊತ್ತವನ್ನು ನಮ್ಮೊಡನೆ ಹೋಲಿಸಿ ಫಲವಿಲ್ಲ. ಆದರೆ ಅಲ್ಲಿನ ಒಂದು ತಿದ್ದುಪಡಿ ಗಮನಾರ್ಹ. ಶಾಲೆಗಳ ಇಂಟರ್ನೆಟ್‌ಗೆ ಅಲ್ಲಿ ಮೊದಲಿನಿಂದಲೂ ಇದ್ದ ನಿಧಿಯನ್ನು ಶಾಲೆಯ ಆವರಣದೊಳಗೆ ಮಾತ್ರ ಬಳಸಬಹುದಾಗಿತ್ತು. ಮಕ್ಕಳು ಮನೆಯಲ್ಲಿ ಕುಳಿತಾಗ ಅದು ನಿರುಪಯುಕ್ತವಾಯಿತು. ಮನೆಯ ಸಂಪರ್ಕಕ್ಕೂ ಸಾಧನಕ್ಕೂ ಎಂದು 2021ರಲ್ಲಿ 7.17 ಬಿಲಿಯನ್ ಡಾಲರ್‌ಗಳ ಪ್ರತ್ಯೇಕ ನಿಧಿ ಮಾಡಿದರು. ನಮ್ಮಲ್ಲಿ 2021ರಲ್ಲಿಯೂ ಮಗುವಿನ ಮನೆಯ ರೀಚಾರ್ಜ್‌ಗೆ ಯಾವ ಲೆಕ್ಕಶೀರ್ಷಿಕೆಯೂ ಇರಲಿಲ್ಲ. ಚಂದಾ ಏಕೆ ಎತ್ತಬೇಕು ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ: ಪಂಚಾಯಿತಿ ಮಾಡಬೇಕಾದ ಕೆಲಸಕ್ಕೆ ಎತ್ತಬೇಡಿ, ಈ ಖಾಲಿ ಜಾಗಕ್ಕೆ ಎತ್ತಿ, ಮತ್ತು ಎತ್ತಿದ ಪ್ರತಿ ಸಲವೂ ಇದು ಸರ್ಕಾರ ಕೊಡಬೇಕಾದ ಹಣವೆಂದು ಶಾಸಕರಿಗೆ ಬರೆಯಿರಿ.

ಇಷ್ಟರಲ್ಲಿ ಶಾಲೆ ತೆರೆದುಬಿಟ್ಟರೆ ಹಣವನ್ನು ದಾನಿಗಳಿಗೆ ಹಿಂದಿರುಗಿಸಬೇಕೇ ಎಂದು ಅಡಿಟಿಪ್ಪಣಿಯಲ್ಲಿ ಕೇಳಿದ್ದೀರಿ. ಹಿಂದಿರುಗಿಸಬೇಕಾಗಿಲ್ಲ, ಒಂದೂವರೆ ವರ್ಷ ಪಾಠ ತಪ್ಪಿದ ಮಕ್ಕಳಿಗೆ ಸಂಜೆಯ ಹೆಚ್ಚುವರಿ ತರಗತಿ ನಡೆಸಲು, ಊರಿನ ಒಬ್ಬ ಪದವೀಧರೆಗೆ ಗೌರವಧನ ಕೊಡಲು ಅದನ್ನು ಬಳಸಬಹುದು. ಉದ್ದೇಶ ಬದಲಾಗುತ್ತಿರುವುದರಿಂದ ದಾನಿಗಳ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದು ರಸೀದಿ ಪುಸ್ತಕದ ಜೊತೆ ಇಟ್ಟುಕೊಳ್ಳಿ.

— ಸಂಪಾದಕ