ಬ್ರಿಸ್ಟಲ್‌ನಿಂದ ಹೊರಟು ಚೆಪ್‌ಸ್ಟೋ, ಟಿಂಟರ್ನ್, ಮನ್‌ಮತ್ ಮೂರನ್ನೂ ಒಂದೇ ದಿನದಲ್ಲಿ ಮುಗಿಸಬಹುದಾ?

ಊರಿಂದ ಅಪ್ಪ-ಅಮ್ಮ ಬರ್ತಿದ್ದಾರೆ, ಕಾರು ತಗೊಳ್ಳಲಾ ಬಸ್ಸು ಸಾಕಾ, ಚೆಪ್‌ಸ್ಟೋಗೆ ಒಂದು ಗಂಟೆ ಕೊಟ್ಟರೆ ಸಾಕಲ್ವಾ ಅಂತ ಕೇಳಿದ್ದೀರಿ. 2019ರಲ್ಲಿ ನಾನು ಮಾಡಿದ ಪ್ಲಾನನ್ನೇ ಯಾರೋ ಮತ್ತೆ ಬರೆದ ಹಾಗಿದೆ. ಅದಕ್ಕೇ ಉತ್ತರ ಬರೆಯಲು ಕೂತೆ.

ನಮ್ಮದು ತೀರ್ಥಹಳ್ಳಿ ಹತ್ತಿರ, ತುಂಗೆಯ ದಂಡೆ. ಅಪ್ಪ ಅಡಿಕೆ ತೋಟ ನೋಡಿಕೊಂಡವರು. ಆಗ ನಾನು ರೆಡಿಂಗ್‌ನಲ್ಲಿ ಕೆಲಸದಲ್ಲಿದ್ದೆ. ಲಂಡನ್ ತೋರಿಸಿದೆ, ಅರಮನೆ ತೋರಿಸಿದೆ. ಅಪ್ಪ ನೋಡಿದರು, ಅಷ್ಟೇ. ಯಾವ ಊರಿಗೆ ಹೋದರೂ ಅವರ ಮೊದಲ ಪ್ರಶ್ನೆ ಒಂದೇ: "ಇಲ್ಲಿ ಹೊಳೆ ಯಾವುದು?" ರೆಡಿಂಗ್‌ನಲ್ಲಿ ಥೇಮ್ಸ್ ದಂಡೆಗೆ ದಿನಾ ಬೆಳಗ್ಗೆ ಒಬ್ಬರೇ ಹೋಗಿ ನಿಂತು ಬರುತ್ತಿದ್ದರು. ಇಂಥವರಿಗೆ ಸರಿಯಾದ ಹೊಳೆ ತೋರಿಸಬೇಕು ಅಂತ ವೈ ನದಿಯನ್ನು ಆರಿಸಿದೆ. ವೇಲ್ಸ್‌ನ ಬೆಟ್ಟದಲ್ಲಿ ಹುಟ್ಟಿ, ಕೊನೆಗೆ ಇಂಗ್ಲೆಂಡ್-ವೇಲ್ಸ್ ಗಡಿಯೇ ತಾನಾಗಿ ಹರಿದು, ಚೆಪ್‌ಸ್ಟೋ ದಾಟಿದ ಕೂಡಲೇ ಸೆವರ್ನ್ ಅಳಿವೆ ಸೇರುವ ನದಿ ಅದು.

ಆ ಅಳಿವೆಯ ಉಬ್ಬರ ಜಗತ್ತಿನ ಅತಿ ದೊಡ್ಡ ಉಬ್ಬರಗಳಲ್ಲಿ ಒಂದು. ದೊಡ್ಡ ದಿನಗಳಲ್ಲಿ ನೀರಿನ ಏರಿಳಿತ 14 ಮೀಟರ್ ಮುಟ್ಟುತ್ತದೆ, ಅಂದರೆ ನಾಲ್ಕು ಅಂತಸ್ತಿನ ಮನೆ ಎತ್ತರ. ನಮ್ಮ ಕರಾವಳಿಯಲ್ಲಿ ಅದು ಒಂದೂವರೆ, ಎರಡು ಮೀಟರ್ ಅಷ್ಟೇ. ಇದನ್ನೆಲ್ಲ ಮೊದಲೇ ಓದಿದ್ದೆ. ಹುಣ್ಣಿಮೆ, ಅಮಾವಾಸ್ಯೆಗೆ ಉಬ್ಬರ ದೊಡ್ಡದು ಅಂತಲೂ ಓದಿದ್ದೆ. ಅದಕ್ಕೇ ಕಾರ ಹುಣ್ಣಿಮೆ ದಿನವನ್ನೇ ಗೊತ್ತು ಮಾಡಿ ಸೋಮವಾರ ರಜೆ ಹಾಕಿದೆ. "ಅಪ್ಪ, ಇವತ್ತು ನೀರು ತುಂಬಿ ನಿಂತಿರತ್ತೆ ನೋಡಿ" ಅಂತ ದಾರಿಯುದ್ದಕ್ಕೂ ಹೇಳಿದೆ. 1966ರ ಸೆವರ್ನ್ ತೂಗುಸೇತುವೆ ದಾಟುವಾಗ ಅಪ್ಪ ಕಿಟಕಿಗೆ ಮುಖ ಒತ್ತಿಕೊಂಡು ಕೂತಿದ್ದರು.

ಚೆಪ್‌ಸ್ಟೋ ಕೋಟೆಯ ಬುಡಕ್ಕೆ ತಲುಪಿದಾಗ ಮಧ್ಯಾಹ್ನ ಹನ್ನೆರಡೂವರೆ. ಹೊಳೆ ಇರಲಿಲ್ಲ. ಎರಡೂ ಕಡೆ ಕಂದು ಕೆಸರಿನ ಇಳಿಜಾರು, ಬಿಸಿಲಿಗೆ ಹೊಳೆಯುತ್ತಿತ್ತು. ನಡುವೆ, ತುಂಬಾ ಕೆಳಗೆ, ಕಾಲುವೆಯಷ್ಟು ನೀರು. ಅದೂ ಇಳಿಯುತ್ತಲೇ ಇತ್ತು. ಅಪ್ಪ ಸ್ವಲ್ಪ ಹೊತ್ತು ನೋಡಿ, "ಏನು ಮಾರಾಯ, ಇಲ್ಲಿಗಿನ್ನೂ ಮಳೆಗಾಲ ಬರಲಿಲ್ವಾ?" ಅಂದರು. ಬೇಜಾರಿನಿಂದ ಅಂದಿದ್ದಲ್ಲ, ನಿಜವಾಗಿ ಕೇಳಿದ್ದು.

ನನ್ನ ತಪ್ಪು ಏನು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇಲ್ಲೇ ಎಡವುತ್ತೀರಿ. ದೊಡ್ಡ ಉಬ್ಬರ ಅಂದರೆ ದಿನವಿಡೀ ನೀರು ಜಾಸ್ತಿ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಹೆಚ್ಚು ಏರುವ ದಿನವೇ ನೀರು ಹೆಚ್ಚು ಇಳಿಯುವ ದಿನ. ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಅದಕ್ಕೇ ದಿನದಿಂದ ದಿನಕ್ಕೆ ಸುಮಾರು ಮುಕ್ಕಾಲು ಗಂಟೆ ಮುಂದೆ ಹೋಗುತ್ತದೆ. ಇಷ್ಟಾದರೆ ಯಾರಿಗಾದರೂ ತಿಳಿಯುತ್ತದೆ. ತಿಳಿಯದೇ ಇರುವುದು ಮುಂದಿನದು. ಒಂದೊಂದು ಜಾಗದಲ್ಲಿ ಹುಣ್ಣಿಮೆಯ ಉಬ್ಬರ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಬರುತ್ತದೆ. ಸೆವರ್ನ್ ಬಾಯಲ್ಲಿ ಅದು ಬೆಳಗ್ಗೆ ಏಳು-ಎಂಟರ ಆಸುಪಾಸು, ಮತ್ತೆ ಸಂಜೆ ಅದೇ ಹೊತ್ತು. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ಇನ್ನೂ ಸ್ವಲ್ಪ ತಡ. ಹಾಗಾದರೆ ಮಧ್ಯಾಹ್ನ ಏನಿರುತ್ತದೆ? ಹದಿನೈದು ದಿನದಲ್ಲೇ ಅತಿ ಕೆಳಗಿನ ನೀರು. ಪ್ರವಾಸಿಗರು ಬಂದು ನಿಲ್ಲುವ ಹೊತ್ತೂ ಅದೇ. ನಾನು ಎಲ್ಲ ಬಿಟ್ಟು ಆ ದಿನವನ್ನೇ ಆರಿಸಿದ್ದೆ, ಆ ಗಂಟೆಗೇ ಕರೆದುಕೊಂಡು ಹೋಗಿದ್ದೆ. ಒಂದು ಉಬ್ಬರದ ಪಟ್ಟಿ ತೆಗೆದು ನೋಡಿದ್ದರೆ ಎರಡು ನಿಮಿಷದ ಕೆಲಸ.

ಕೋಟೆಯೊಳಗೆ ಹೋದೆವು. ನಾರ್ಮನ್ನರು ಇಂಗ್ಲೆಂಡ್ ಗೆದ್ದ ಹೇಸ್ಟಿಂಗ್ಸ್ ಯುದ್ಧದ ಮರುವರ್ಷವೇ, 1067ರಲ್ಲಿ, ನಾರ್ಮನ್ ಸರದಾರ ವಿಲಿಯಂ ಫಿಟ್ಸ್ ಆಸ್ಬರ್ನ್ ಶುರು ಮಾಡಿದ ಕೋಟೆ. ಹೊಳೆಯ ಪಕ್ಕದ ಸುಣ್ಣದಕಲ್ಲಿನ ಬಂಡೆ ಮೇಲೆ ಉದ್ದಕ್ಕೆ ಕೂತಿದೆ. ಹಳೆಯ ದೊಡ್ಡ ಗೋಪುರದ ಗೋಡೆಯಲ್ಲಿ ಕೆಂಪು ಹೆಂಚಿನ ಒಂದು ಸಾಲು ಓಡುತ್ತದೆ. ಅದು ಪಕ್ಕದ ಕೇರ್‌ವೆಂಟ್‌ನಲ್ಲಿದ್ದ ರೋಮನ್ ಪಟ್ಟಣದಿಂದ ಕಿತ್ತು ತಂದದ್ದು. (ಕೇರ್‌ವೆಂಟ್‌ನ ರೋಮನ್ ಗೋಡೆ ಈಗಲೂ ಕೆಲವು ಕಡೆ ಐದು ಮೀಟರ್ ಎತ್ತರ ನಿಂತಿದೆ. ದುಡ್ಡು ಕೊಡಬೇಕಿಲ್ಲ, ಜನವೂ ಕಮ್ಮಿ.) ಮೊದಲನೇ ಚಾರ್ಲ್ಸ್ ದೊರೆಯ ಮರಣದಂಡನೆಗೆ ಸಹಿ ಹಾಕಿದವರಲ್ಲಿ ಒಬ್ಬನಾದ ಹೆನ್ರಿ ಮಾರ್ಟನ್‌ನನ್ನು ಇಲ್ಲೇ ಸೆರೆಯಿಟ್ಟಿದ್ದರು. 1680ರಲ್ಲಿ ಇಲ್ಲೇ ತೀರಿಕೊಂಡ. ಆ ಗೋಪುರಕ್ಕೆ ಈಗ ಅವನದೇ ಹೆಸರು.

ಅಪ್ಪ ಜಾಸ್ತಿ ಹೊತ್ತು ನಿಂತದ್ದು ಬಾಗಿಲ ಮುಂದೆ. ಕೋಟೆಯ ಹಳೆಯ ಹೆಬ್ಬಾಗಿಲನ್ನು ಈಗ ಒಳಗೆ ತಂದು ಇಟ್ಟಿದ್ದಾರೆ. ಮರದ ಉಂಗುರ ಎಣಿಸಿ ನೋಡಿ, 1190ಕ್ಕೂ ಮೊದಲೇ ಮಾಡಿದ್ದು ಅಂತ ಕಂಡುಕೊಂಡಿದ್ದಾರೆ. ಯುರೋಪಿನಲ್ಲೇ ಅತಿ ಹಳೆಯ ಕೋಟೆ ಬಾಗಿಲು. 1962ರವರೆಗೂ ಹೆಬ್ಬಾಗಿಲಲ್ಲೇ ತೂಗುತ್ತಿತ್ತು. ಮುಂದಿನ ಮೈಗೆ ಕಬ್ಬಿಣದ ತಗಡು. ಹಿಂದಿನ ಮೈಯಲ್ಲಿ ಓಕ್ ಮರದ ಪಟ್ಟಿಗಳನ್ನು ಅಡ್ಡ-ಉದ್ದ ಜಾಲರಿಯ ಹಾಗೆ ಹೆಣೆದು, ಒಂದರ ತುದಿಯನ್ನು ಇನ್ನೊಂದರ ತೂತಿಗೆ ಬಿಗಿಯಾಗಿ ಕೂರಿಸಿದ್ದಾರೆ. ಅಪ್ಪ ಬಗ್ಗಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಒಂದೊಂದು ಕೂಡುವ ಜಾಗವನ್ನೂ ನೋಡಿದರು. "ಆಚಾರಿ ಕೆಲಸ ಗೊತ್ತಿದ್ದವ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಆಮೇಲೆ ನೆಲಮಾಳಿಗೆ. ಅದರ ಒಂದು ಕೊನೆ ಬಂಡೆಯ ಅಂಚಿಗೆ, ಹೊಳೆಯ ಮೇಲಕ್ಕೆ ತೆರೆದುಕೊಳ್ಳುತ್ತದೆ. ಕೆಳಗೆ ದೋಣಿ ನಿಲ್ಲಿಸಿ ಸಾಮಾನನ್ನು ಹಗ್ಗದಲ್ಲಿ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು ಅಂತ ಅಮ್ಮನಿಗೆ ವಿವರಿಸಿದೆ. ಅಪ್ಪ ಬಗ್ಗಿ ಕೆಳಗೆ ನೋಡಿ, "ದೋಣಿ ಎಲ್ಲಿ ನಿಲ್ತಿತ್ತು? ಈ ಕೆಸರಲ್ಲಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನೀರು ಬಂದಿದ್ದರೆ ಉತ್ತರ ಕಣ್ಣೆದುರಿಗೇ ಇರುತ್ತಿತ್ತು. ಇಡೀ ಊರು ಬದುಕಿದ್ದೇ ಆ ಉಬ್ಬರದ ಮೇಲೆ. ಚೆಪ್‌ಸ್ಟೋ ಅನ್ನುವ ಹೆಸರಿಗೇ ಹಳೆಯ ಇಂಗ್ಲಿಷಿನಲ್ಲಿ ಸಂತೆ ಜಾಗ ಅಂತ ಅರ್ಥ. ಉಬ್ಬರ ಏರುವಾಗ ಹಡಗು ಒಳಗೆ ಬರುತ್ತಿತ್ತು, ಇಳಿಯುವಾಗ ಹೊರಗೆ ಹೋಗುತ್ತಿತ್ತು. ದ್ರಾಕ್ಷಾರಸ ಬರುತ್ತಿತ್ತು, ಮರ ಮತ್ತು ಚರ್ಮ ಹದ ಮಾಡುವ ಓಕ್ ತೊಗಟೆ ಹೋಗುತ್ತಿತ್ತು. ನ್ಯೂಪೋರ್ಟ್ ದಂಗೆಯ ಮುಂದಾಳುಗಳಾದ ಜಾನ್ ಫ್ರಾಸ್ಟ್ ಮತ್ತು ಇಬ್ಬರು ಜೊತೆಗಾರರನ್ನು 1840ರಲ್ಲಿ ದೇಶದಿಂದ ಆಚೆಗೆ ಸಾಗಿಸಲು ಹಡಗು ಹತ್ತಿಸಿದ್ದೂ ಇದೇ ದಂಡೆಯಿಂದ. ಸಾಮಾನ್ಯ ಜನರಿಗೆ ಓಟು ಬೇಕು ಅಂತ ಹೋರಾಡಿದ್ದಕ್ಕೆ ಆ ಶಿಕ್ಷೆ.

ಮೂರು ಗಂಟೆಗೆ ಹೊರಟು ಪಾಳು ಮಠ ಇರುವ ಟಿಂಟರ್ನ್‌ಗೆ ಹೋದೆವು. ಎಂಟು ಕಿಲೋಮೀಟರ್. ಅಲ್ಲೂ ಕೆಸರೇ, ಯಾಕೆಂದರೆ ಉಬ್ಬರ ಟಿಂಟರ್ನ್ ದಾಟಿ ಇನ್ನೂ ಮೇಲಿನವರೆಗೆ ಹೋಗುತ್ತದೆ. ಕತ್ತಲಾಗುವ ಮೊದಲು ರೆಡಿಂಗ್ ತಲುಪಬೇಕು ಅಂತ ಐದೂವರೆಗೆ ವಾಪಸ್ ಹೊರಟೆ. ಇನ್ನೆರಡು ಗಂಟೆ ಕಾದಿದ್ದರೆ ಸಂಜೆಯ ಉಬ್ಬರ ಬರುತ್ತಿತ್ತು. ಅದೂ ನನಗೆ ಗೊತ್ತಿರಲಿಲ್ಲ. ಮಾರನೇ ವರ್ಷ ಕೊರೊನಾ. ಅದು ಮುಗಿಯುವಷ್ಟರಲ್ಲಿ ಅಪ್ಪನಿಗೆ ಹೃದಯದ ತೊಂದರೆ ಆಗಿ, ದೂರದ ವಿಮಾನ ಬೇಡ ಅಂತ ಡಾಕ್ಟರು ಹೇಳಿಬಿಟ್ಟರು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೂರು ಊರು "ಮುಗಿಸುವುದು" ಬಿಡಿ. ಕಾರಾ ಬಸ್ಸಾ ಅನ್ನುವುದೂ ಆಮೇಲಿನ ಮಾತು. ಮೊದಲು ನೀರು ಎಷ್ಟು ಹೊತ್ತಿಗೆ ಬರುತ್ತದೆ ಅಂತ ನೋಡಿ, ಅದರ ಮೇಲೆ ತಾರೀಖು ಗೊತ್ತು ಮಾಡಿ. ಚೆಪ್‌ಸ್ಟೋ ದಾರಿಯಲ್ಲಿ ಸಿಗುವ ಒಂದು ಗಂಟೆಯ ಊರಲ್ಲ. ಆ ಊರಿಗೇ ದಿನ ಕೊಡಬೇಕು, ಟಿಂಟರ್ನ್ ಅದರ ನಡುವೆ ಬರಬೇಕು.

ನನ್ನ ಲೆಕ್ಕ ಹೀಗೆ. ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದು ಎರಡು-ಮೂರು ದಿನ ಆಗಲಿ. ಆಗ ಉಬ್ಬರ ಇನ್ನೂ ದೊಡ್ಡದಾಗೇ ಇರುತ್ತದೆ, ಹೊತ್ತು ಮಾತ್ರ ಬೇಸಿಗೆಯಲ್ಲಿ ಬೆಳಗ್ಗೆ ಹತ್ತರ ಸುತ್ತ ಬರುತ್ತದೆ. ಇದು ಅಂದಾಜು, ಚೆಪ್‌ಸ್ಟೋದ್ದೇ ಪಟ್ಟಿ ತೆಗೆದು ನಿಮಿಷ ಸಮೇತ ನೋಡಿಕೊಳ್ಳಿ. ಒಂಬತ್ತು ಗಂಟೆಗೆ ಹಳೆಯ ಸೇತುವೆ ಮೇಲೆ ನಿಲ್ಲಿ. 1816ರ ಎರಕದ ಕಬ್ಬಿಣದ ಸೇತುವೆ, ರಾಸ್ಟ್ರಿಕ್ ಅನ್ನುವ ಎಂಜಿನಿಯರ್ ಕಟ್ಟಿದ್ದು. ಅರ್ಧ ವೇಲ್ಸ್, ಅರ್ಧ ಇಂಗ್ಲೆಂಡ್. ನೀರು ತುಂಬಿದ ಮೇಲೆ ಕೋಟೆಗೆ ಹೋಗಿ. ಮಧ್ಯಾಹ್ನ ಟಿಂಟರ್ನ್. ನಾಲ್ಕರ ಹೊತ್ತಿಗೆ ವಾಪಸ್ ಬಂದು ಅದೇ ಸೇತುವೆ ಮೇಲೆ ಮತ್ತೆ ನಿಲ್ಲಿ. ಬೆಳಗ್ಗೆ ನೋಡಿದ ನೀರಿನ ಜಾಗದಲ್ಲಿ ಆಳವಾದ ಕೆಸರಿನ ಕಣಿವೆ ಇರುತ್ತದೆ. ಎರಡನ್ನೂ ನೋಡಿದವರಿಗೆ ಮಾತ್ರ ಈ ಊರು ಅರ್ಥ ಆಗುತ್ತದೆ.

ಟಿಂಟರ್ನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರೂ ಅದನ್ನೇ ಬರೆಯುತ್ತಾರೆ. 1131ರಲ್ಲಿ ಶುರುವಾದ, ಸಿಸ್ಟರ್ಷಿಯನ್ ಅನ್ನುವ ಕ್ರೈಸ್ತ ಸನ್ಯಾಸಿಗಳ ಮಠ, ವೇಲ್ಸ್‌ನಲ್ಲಿ ಅವರ ಮೊದಲನೆಯದು. ಈಗ ಕಾಣುವ ದೊಡ್ಡ ಚರ್ಚು 1269ರಿಂದ 1301ರವರೆಗೆ ಕಟ್ಟಿದ್ದು. 1536ರಲ್ಲಿ ಎಂಟನೇ ಹೆನ್ರಿ ಮಠ ಮುಚ್ಚಿಸಿದ, ಮಾಡಿನ ಸೀಸವನ್ನೂ ಕಿತ್ತುಕೊಂಡರು. ನೀವು ಡಿಗ್ರಿಯಲ್ಲಿ ಇಂಗ್ಲಿಷ್ ಓದಿದ್ದರೆ ವರ್ಡ್ಸ್‌ವರ್ತ್‌ನ ಪಾಠದಲ್ಲಿ ಈ ಹೆಸರು ಬಂದಿರುತ್ತದೆ. ಅವನು ತಂಗಿ ಡೊರೊಥಿಯ ಜೊತೆ ಇಲ್ಲಿ ನಡೆದದ್ದು 1798ರ ಜುಲೈನಲ್ಲಿ. ಅಮ್ಮ ಮಾಡು ಇಲ್ಲದ ಆ ಗೋಡೆಗಳ ನಡುವೆ ಹುಲ್ಲಿನ ಮೇಲೆ ಕೂತು, "ಹಂಪಿಯಲ್ಲಿ ಕೂತ ಹಾಗೆ ಆಗತ್ತೆ" ಅಂದಿದ್ದಳು. ಟಿಂಟರ್ನ್‌ಗೆ ಅಷ್ಟು ಸಾಕು ಅನ್ನಿಸುತ್ತದೆ.

ಆದರೆ ಎರಡರ ನಡುವಿನ ಪಿಯರ್ಸ್‌ಫೀಲ್ಡ್ ತಪ್ಪಿಸಬೇಡಿ. ಪಾಳು ಬಿದ್ದ ದೊಡ್ಡ ಮನೆ, ಪಕ್ಕದಲ್ಲೇ 1926ರಿಂದ ಚೆಪ್‌ಸ್ಟೋ ಕುದುರೆ ರೇಸಿನ ಮೈದಾನ. 1802ರಲ್ಲಿ ಅದನ್ನು ಕೊಂಡವನು ನಥಾನಿಯೆಲ್ ವೆಲ್ಸ್. ಸೇಂಟ್ ಕಿಟ್ಸ್ ದ್ವೀಪದಲ್ಲಿ ಕಬ್ಬಿನ ತೋಟದ ಒಡೆಯನಿಗೂ ಅವನ ಮನೆಯ ಗುಲಾಮ ಹೆಂಗಸಿಗೂ ಹುಟ್ಟಿದ ಮಗ. ಅಪ್ಪನ ಆಸ್ತಿ ಬಂತು. 1818ರಲ್ಲಿ ಮನ್‌ಮತ್‌ಷೈರ್‌ನ ಶೆರಿಫ್, ಅಂದರೆ ಆ ಜಿಲ್ಲೆಯಲ್ಲಿ ದೊರೆಯ ಪ್ರತಿನಿಧಿ ಆದ, ಬ್ರಿಟನ್ನಿನ ಮೊದಲ ಕಪ್ಪು ಶೆರಿಫ್. ಆ ಆಸ್ತಿಯಲ್ಲಿ ಗುಲಾಮರೂ ಇದ್ದರು, ಅವರ ದುಡಿಮೆಯ ಸಕ್ಕರೆಯ ದುಡ್ಡಿನಲ್ಲೇ ಅವನು ಇಲ್ಲಿ ದೊಡ್ಡವನಾಗಿ ಬದುಕಿದ. ಆ ಮನೆ ಮುಂದೆ ನಿಂತು ಇದನ್ನು ನೆನೆದರೆ ಮನಸ್ಸು ಭಾರ ಆಗುತ್ತದೆ. ಅಲ್ಲಿಂದ ಮುಂದೆ ಈಗಲ್ಸ್ ನೆಸ್ಟ್ ಅನ್ನುವ ಜಾಗದಿಂದ ವೈ, ಸೆವರ್ನ್ ಎರಡೂ ಕಾಣುತ್ತವೆ. ಕೆಳಗಿನಿಂದ 365 ಮೆಟ್ಟಿಲು, ಅಪ್ಪ-ಅಮ್ಮನಿಗೆ ಬೇಡ. ಮೇಲೆ ಕಾರು ನಿಲ್ಲಿಸಿ ನಡೆಯುವ ದಾರಿಯೂ ಇದೆ.

ಮನ್‌ಮತ್ ಬಿಟ್ಟುಬಿಡಿ. ಗೋಪುರ ಇರುವ ಹಳೆಯ ಸೇತುವೆ ಚೆನ್ನಾಗಿದೆ, ಇನ್ನೊಂದು ದಿನಕ್ಕೆ ಇರಲಿ. ವಯಸ್ಸಾದವರ ಜೊತೆ ಕಾರೇ ಸರಿ. ಟಿಂಟರ್ನ್ ಕಡೆಗೆ ಬಸ್ಸಿದೆ, ಆದರೆ ಕಮ್ಮಿ. ಉಬ್ಬರದ ಹೊತ್ತಿಗೂ ಬಸ್ಸಿನ ಹೊತ್ತಿಗೂ ಹೊಂದಿಸಲು ಆಗುವುದಿಲ್ಲ. ಕೋಟೆಯ ಬುಡದಲ್ಲೇ ಪಾರ್ಕಿಂಗ್ ಇದೆ, ಮೇಲಿನ ಪೇಟೆಯಲ್ಲಿ ನಿಲ್ಲಿಸಿದರೆ ಕಡಿದಾದ ರಸ್ತೆ ಹತ್ತಿ ಇಳಿಯಬೇಕಾಗುತ್ತದೆ.

ಹೋದ ವರ್ಷ ನಾನೊಬ್ಬನೇ ಹೋಗಿದ್ದೆ. ಹುಣ್ಣಿಮೆ ದಿನ, ಹಿಂದಿನ ರಾತ್ರಿಯೇ ಹೋಗಿ ಉಳಿದಿದ್ದೆ. ಬೆಳಗ್ಗೆ ಏಳೂವರೆಗೆ ಸೇತುವೆ ಮೇಲೆ ನಿಂತು ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಊರಲ್ಲಿ ಆಗ ಮಧ್ಯಾಹ್ನ ಹನ್ನೆರಡು. ನೀರು ಕೋಟೆಯ ಬಂಡೆ ಹತ್ತುತ್ತಿತ್ತು. ಒಂದು ಮರದ ಕೊಂಬೆ, ಎಲೆ ಸಮೇತ, ಸಮುದ್ರದ ಕಡೆಯಿಂದ ಬಂದು ಸೇತುವೆ ಅಡಿ ನುಸುಳಿ ಬೆಟ್ಟದ ಕಡೆಗೆ ಹೋಯಿತು. ಫೋನನ್ನು ಅದರ ಜೊತೆಗೇ ತಿರುಗಿಸಿದೆ. ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮೇಲಕ್ಕೆ ಹೋಯ್ತಲ್ಲೋ! ವಾಪಸ್ ಎಷ್ಟು ಹೊತ್ತಿಗೆ ಬರತ್ತೆ?" ಅಂತ ಕೇಳಿದರು. ಇನ್ನು ಒಂದು ಗಂಟೆಯೊಳಗೆ ನೀರು ತಿರುಗುತ್ತದೆ, ಆಮೇಲೆ ಬರತ್ತೆ ಅಂದೆ. "ಸರಿ, ಫೋನ್ ಇಡಬೇಡ, ಊಟ ಇಲ್ಲಿಗೇ ತರಿಸ್ಕೊಳ್ತೀನಿ" ಅಂದರು.

ನಿಮ್ಮ ತಾರೀಖು ಯಾವುದು ಅಂತ ಕೆಳಗೆ ಬರೆಯಿರಿ. ಪಟ್ಟಿ ನೋಡಿ ಎಷ್ಟು ಗಂಟೆಗೆ ಸೇತುವೆ ಮೇಲಿರಬೇಕು ಅಂತ ಹೇಳುತ್ತೇನೆ.